ಯಾರೂ ಕೊಳ್ಳದ ಬಳೆ

"ಇದು ನಾಕ್ ಅನ್ನೋ ಬೆರಕೆ ಲೋಹ ಕಣೇ ಸಮ್ಲೀ," ಎಂದು ಬಂಗಾರದಂಗಡಿಯ ಲೇಂಗಕ್ಕ ಬಳೆಯನ್ನು ಕೆಂಪು ಮಖಮಲ್ಲಿನ ತಟ್ಟೆಗೆ ಹಾಕಿದಳು. "ತಾಮ್ರ, ಬೆಳ್ಳಿ, ಅದರ ಜೊತೆ ಒಂದಿಷ್ಟು ಬಂಗಾರ. ನಮ್ಮಜ್ಜಿ ಕಾಲದ ಶೋಕಿ. ಈಗ್ಯಾರು ಹಾಕ್ತಾರೆ ಇದನ್ನ?"

"ನಂಗೊತ್ತು. ಸ್ವಲ್ಪ ಮೆಲ್ಲಗೆ ಮಾತಾಡು."

ಲೇಂಗಕ್ಕನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಬಳೆಯನ್ನು ಒರೆಗಲ್ಲಿಗೆ ಎಳೆದು, ಇಟ್ಟಿಗೆ ಬಣ್ಣದ ಗೀರನ್ನು ಸಮ್ಲೀಯ ಮೂಗಿನ ಕೆಳಗೆ ಹಿಡಿದಳು. "ನಮ್ಮ ಬಂಗಾರ ಅಂದ್ರೆ ನೂರಕ್ಕೆ ತೊಂಬತ್ತಾರೂವರೆ ಪಾಲು ಚೊಕ್ಕ. ಇದರಲ್ಲಿ ಅರ್ಧಾನೂ ಇಲ್ಲ. ಮೊದಲಾಗಿದ್ರೆ ಮುಟ್ತಾನೂ ಇರ್ಲಿಲ್ಲ ನಾನು. ಈಗ ಬಂಗಾರ ಆಕಾಶಕ್ಕೆ ಹೋಗಿದೆ ನೋಡು, ಇಂಥದ್ದನ್ನೂ ಕರಗಿಸಿ ಹಿಂಡ್ಕೊಳ್ಳೋರಿದ್ದಾರೆ."

ಮೇಕ್ಲೋಂಗ್ ಪೇಟೆಯಲ್ಲಿ ಬೇಯಿಸಿದ ಬಂಗುಡೆ ಮೀನನ್ನು ಬಿದಿರ ಬುಟ್ಟಿಗಳಲ್ಲಿಟ್ಟು ಮಾರುವ ಸಮ್ಲೀ, ಬೇರೆ ಯಾವುದಕ್ಕೂ ಅಂಜುವ ಹೆಂಗಸಲ್ಲ. ಗಿರಾಕಿಗಳ ಜೊತೆ ಜಗಳಕ್ಕೆ ನಿಂತರೆ ಪೇಟೆಯೇ ಪಕ್ಕಕ್ಕೆ ಸರಿಯಬೇಕು. ಆದರೆ ಬಂಗಾರದ ಮಾತು ಬಂದರೆ ಅವಳ ಧೈರ್ಯವೆಲ್ಲ ನೀರಾಗುತ್ತದೆ. ಅದಕ್ಕೆ ಕಾರಣ ಅವಳ ಸ್ವಂತ ಮದುವೆ. ಗಂಡಿನ ಕಡೆಯವರು ತಟ್ಟೆಯಲ್ಲಿಟ್ಟು ಮೆರವಣಿಗೆಯಲ್ಲಿ ತಂದ ಸರ ಬರೀ ಬಂಗಾರದ ನೀರು ಹಾಯಿಸಿದ್ದು. ಮೊದಲ ಬೇಸಿಗೆಯಲ್ಲೇ ಬೆವರಿಗೆ ಬಣ್ಣ ಬಿಟ್ಟು ಅವಳ ಕತ್ತನ್ನೆಲ್ಲ ಹಸಿರು ಮಾಡಿತು. ಪಕ್ಕದ ಸಾಲಿನಲ್ಲಿ ಒಣಸೀಗಡಿ ಮಾರುವ ಪ್ರಯೋಮ್ ಅಂದಿನಿಂದ ಅವಳಿಗಿಟ್ಟ ಹೆಸರು 'ಪಾಚಿ ರಾಣಿ'. ಆಮೇಲೆ ಸಮ್ಲೀ ಬಂಗುಡೆ ಮಾರಿ ಮಾರಿ ಒಂದು ಬಾತ್, ಅಂದರೆ ಹದಿನೈದು ಗ್ರಾಂ ತೂಕದ ಅಸಲಿ ಸರ ಮಾಡಿಸಿಕೊಂಡು, ಅದನ್ನು ರವಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಂಡೇ ಮೀನು ಮಾರಿದಳು. ಹೆಸರು ಮಾತ್ರ ಹೋಗಲಿಲ್ಲ.

ಈಗ ಮಗಳ ಸರದಿ. ನುಯಿಯನ್ನು ಲಂಫೂನಿನ ಹುಡುಗ ವಿರೋಟ್‌ಗೆ ಕೊಡುವುದೆಂದು ಮಾತಾಗಿತ್ತು. ಹುಡುಗ ಒಳ್ಳೆಯವನು. ಉತ್ತರದಲ್ಲಿ ಲಾಂಗನ್ ಹಣ್ಣಿನ ತೋಟವಿದೆ, ಮದುವೆಯಾದ ಮೇಲೆ ನುಯಿ ಅಲ್ಲೇ ಅವನ ಅಜ್ಜಿಯ ಮನೆಯಲ್ಲಿರಬೇಕು. ನಿಶ್ಚಿತಾರ್ಥಕ್ಕೆ ಅಜ್ಜಿಗೆ ಮಂಡಿನೋವೆಂದು ಬರಲಾಗದೆ, ಮನೆತನದ ಬಳೆಯನ್ನು ಹುಡುಗನ ಚಿಕ್ಕಮ್ಮನ ಕೈಯಲ್ಲಿ ಕಳಿಸಿದ್ದಳು. ಅದನ್ನು ನುಯಿಯ ಕೈಗೆ ಹಾಕುವುದನ್ನು ನೋಡಲು ಪ್ರಯೋಮ್ ಮುಂದಿನ ಸಾಲಿನಲ್ಲೇ ಕೂತಿದ್ದಳು.

"ಏನಕ್ಕ, ಗಂಡಿನ ಕಡೆಯೋರು ತಾಮ್ರದ ತಂತಿ ಸುತ್ತಿ ಕಳಿಸವ್ರೆ?" ಎಂದು ಮರುದಿನ ಪೇಟೆಯಲ್ಲಿ ಕೂಗಿದಳು. "ಹುಡುಗೀಗೆ ಕರೆಂಟು ಹೊಡೆದೀತು, ಹುಷಾರು!"

ಸೀಗಡಿಯವರು, ತರಕಾರಿಯವರು, ಐಸ್ ಹೊರುವವರು, ಎಲ್ಲರೂ ನಕ್ಕರು. ಸಮ್ಲೀಯೂ ನಕ್ಕಂತೆ ಮಾಡಿದಳು. ನಗುವಾಗ ಹಳೆಯ ಹಸಿರೆಲ್ಲ ಕತ್ತಿನಲ್ಲಿ ಮತ್ತೆ ಕೂತ ಹಾಗಾಯಿತು.

ನುಯಿ ಬೇಕರಿಯಲ್ಲಿ ಹಿಟ್ಟು ನಾದುವವಳು. ಕೆಲಸಕ್ಕೆ ಅಡ್ಡವೆಂದು ಬಳೆ ಬಿಚ್ಚಿ, ಮದುವೆಯ ತನಕ ಜೋಪಾನವಾಗಿಡು ಎಂದು ಅಮ್ಮನ ಕೈಗೆ ಕೊಟ್ಟಿದ್ದಳು. ಸಮ್ಲೀ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೇರ ಲೇಂಗಕ್ಕನ ಅಂಗಡಿಗೆ ಬಂದಿದ್ದಳು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಹಳೆಯ ಒಡವೆ ಕೊಟ್ಟು ಹೊಸ ಮಾದರಿಯದನ್ನು ತರುವುದು ಈ ಊರಿನಲ್ಲಿ ಹಬ್ಬಕ್ಕೆ ಪರದೆ ಬದಲಿಸಿದಷ್ಟೇ ಸಲೀಸು. ಬಂಗಾರವೆಂದರೆ ತೂಕ, ಅದು ಯಾರ ಕೈಯ ಒಡವೆಯೆಂದು ನೆನಪಿಟ್ಟುಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ. ತಪ್ಪಿಲ್ಲದಿದ್ದರೆ ಮಗಳಿಗೆ ಹೇಳಿಯೇ ಬರಬಹುದಿತ್ತಲ್ಲ ಎಂಬುದೊಂದು ಮಾತ್ರ ಅವಳ ಮನಸ್ಸಿನ ಮೂಲೆಯಲ್ಲಿ ಕೂತು ನೋಡುತ್ತಿತ್ತು.

"ಇದಕ್ಕೇನು ಕೊಡ್ತೀಯೋ ಕೊಡು," ಎಂದು ಸಮ್ಲೀ ಕತ್ತಿನ ಹಿಂದೆ ಕೈ ಹಾಕಿ ತನ್ನ ಸರದ ಕೊಂಡಿ ಬಿಚ್ಚಿದಳು. "ಇದನ್ನೂ ಸೇರಿಸ್ಕೋ. ಆ ಹಳೇದರ ಥರದ್ದೇ ಹೆಣಿಗೆ ಇರೋ ಬಳೆ ಬೇಕು. ಅಸಲಿ."

ಲೇಂಗಕ್ಕ ಮೊದಲ ಸಲ ದನಿ ತಗ್ಗಿಸಿದಳು. "ನಿನ್ನ ಸರಾನಾ? ಯೋಚ್ನೆ ಮಾಡಿದ್ದೀಯ? ಇವತ್ತು ಸಂಜೆ ಕರಗಿಸೋನು ಬರ್ತಾನೆ. ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ಯಾರಿಗೆ ಬೇಕು ಅದು?" ಎಂದಳು ಸಮ್ಲೀ.

ಬೋಳು ಕತ್ತಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಹೆಮ್ಮೆಯೆನಿಸಿತು. ಗಂಡಿನ ಕಡೆಯವರ ಮಾನವನ್ನೂ ತಾನೇ ಕಾಪಾಡಿದೆನಲ್ಲ ಎಂದುಕೊಂಡಳು.

ಮದುವೆಯ ಬೆಳಿಗ್ಗೆ ಅಲಂಕಾರ ಮಾಡುವವಳು ಅತ್ತ ಹೋದ ಮೇಲೆ ಸಮ್ಲೀ ಡಬ್ಬಿ ತೆರೆದು ಮಗಳ ಮುಂದಿಟ್ಟಳು. ನುಯಿ ಒಂದು ಗಳಿಗೆ ಏನೂ ಅರ್ಥವಾಗದವಳ ಹಾಗೆ ನೋಡಿದಳು.

"ಇದ್ಯಾವ್ದು?"

"ಅದೇ. ಬದಲಾಯಿಸ್ಕೊಂಡು ಬಂದೆ. ನೋಡು, ಹೆಣಿಗೆ ಹಂಗೇ ಇದೆ. ಒಳಗಡೆ ಅಂಗಡಿ ಮುದ್ರೆನೂ ಇದೆ. ಇನ್ನು ಆ ಪ್ರಯೋಮ್ ಬಂದು ಕಣ್ಣು ಬಿಟ್ಕೊಂಡು ನೋಡ್ಲಿ."

"ಅಮ್ಮ, ಅದು ನಂದಲ್ಲ. ಅಜ್ಜೀದು."

"ನಿನ್ನ ಕೈಗೆ ಹಾಕಿದ ಮೇಲೆ ನಿಂದೇ ಕಣೇ! ನನ್ನ ಸರ ಕೊಟ್ಟು ತಂದಿದ್ದೀನಿ, ಗೊತ್ತಾ?"

ಇದನ್ನು ಕೇಳಿ ನುಯಿಯ ಕೋಪ ಅಲ್ಲೇ ಸಿಕ್ಕಿಹಾಕಿಕೊಂಡಿತು. ಅಮ್ಮನ ಬರಿಗತ್ತನ್ನೂ ಅದನ್ನು ಮುಚ್ಚಲು ಹಾಕಿಕೊಂಡಿದ್ದ ಎತ್ತರದ ಕಾಲರಿನ ಲೇಸು ರವಿಕೆಯನ್ನೂ ನೋಡಿದಳು. ಆಮೇಲೆ ತಾನೇ ಬಳೆ ಎತ್ತಿ ಹಾಕಿಕೊಂಡಳು. "ಅಜ್ಜಿ ಬರ್ತಿದ್ದಾಳೆ ಇವತ್ತು," ಎಂದಷ್ಟೇ ಹೇಳಿದಳು.

ಅಜ್ಜಿ ಬಂದೇ ಬಂದಳು. ಉದ್ದನೆಯ ಡೊಳ್ಳು, ಬಾಳೆಗಿಡ, ಕಬ್ಬಿನ ಜಲ್ಲೆಗಳ ಮೆರವಣಿಗೆಯ ಕೊನೆಯಲ್ಲಿ, ಇಬ್ಬರು ಹುಡುಗರ ಹೆಗಲ ಮೇಲೆ ಕೈಯಿಟ್ಟು, ಕುಣಿಯಲಾಗದಿದ್ದರೂ ಭುಜ ಕುಣಿಸುತ್ತ ಬಂದಳು. ಲಮೈ ಅಜ್ಜಿಯೆಂದರೆ ಸೊಟ್ಟ ಮೋರೆಯ ಮುದುಕಿಯೆಂದು ಸಮ್ಲೀ ಎಣಿಸಿದ್ದಳು. ನೋಡಿದರೆ ಎಲೆಯಡಿಕೆ ಹಾಕಿ ಬಾಯಿ ಕೆಂಪು ಮಾಡಿಕೊಂಡ, ನಗುವ ಮುದುಕಿ. ಕುರ್ಚಿಯಲ್ಲಿ ಕೂತವಳೇ ಸಮ್ಲೀಯ ಕೈ ಹಿಡಿದುಕೊಂಡಳು.

"ನೀನ ಏನವಾ ಹುಡುಗಿ ತಾಯಿ? ನೀ ಕಳಿಸಿದ ಮೀನ ಭಾಳ ಛಲೋ ಇದ್ದೂ. ಮುಳ್ಳ ಸೈತ ಬಿಡಲಿಲ್ಲ ನಾ. ನನ್ನ ಬಳಿ ಹೆಂಗಾತು ಆಕಿಗೆ? ದೊಡ್ಡದಾಗಿಲ್ಲ ಹೌದಿಲ್ಲೋ?"

"ಸರಿಯಾಗಿದೆ ಅಜ್ಜಿ," ಎಂದಳು ಸಮ್ಲೀ.

"ಮತ್ತ ಮಂದಿ ನಕ್ಕಿರಬೇಕಲ್ಲ? ನಗ್ತಾರ, ನಗಲಿ ಬಿಡು. ನಮ್ಮ ಮನ್ಯಾಗ ಬಂಗಾರ ಇರಲಿಲ್ಲ ಅಂತಲ್ಲ ಮತ್ತ. ಇತ್ತು. ನಮ್ಮವರು ದವಾಖಾನಿ ಸೇರಿದಾಗ ಸರ ಹೋತು. ಮಗಾ ಶಹರಕ್ಕ ಓದಾಕ ಹೊಂಟ, ಉಂಗುರ ಹೋತು. ಚೊಕ್ಕ ಬಂಗಾರ ನೋಡು, ಅಂಗಡಿಯವ ನಾ ಮೆಟ್ಟಲಾ ಹತ್ತೂದ್ರಾಗ ಕೈ ಚಾಚತಿದ್ದ. ಈ ಬಳಿನೂ ಒಯ್ದೆ. ಒಂದ ಸಲ ಅಲ್ಲ, ಅಡಚಣಿ ಬಂದಾಗೆಲ್ಲ ಒಯ್ದೆ. ಯಾರೂ ಇಸಗೊಳ್ಳಲಿಲ್ಲ! ಯವ್ವಾ, ಇದನ್ನ ಕಾಸಿದ್ರ ಇದ್ದಲಿ ಖರ್ಚೂ ಹುಟ್ಟಂಗಿಲ್ಲ ಅಂದ್ರು." ಅಜ್ಜಿ ಬಾಯಿ ತುಂಬ ನಕ್ಕಳು. "ಅದಕ್ಕ ಉಳೀತವಾ. ನಮ್ಮತ್ತಿ ಕೈಯಾಗಿಂದು ನನ್ನ ಕೈಗೆ ಬಂತು. ಈಗ ಈ ಹುಡುಗಿಗೆ. ಮಾರೂ ಚಿಂತಿ ಇಲ್ಲ ಆಕಿಗೆ, ಮಾರಿದ್ರೂ ಯಾರೂ ತಗೊಳ್ಳಂಗಿಲ್ಲ."

ಸಮ್ಲೀ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು. ಆಗಲೇ ಹೇಳಿಬಿಡಬಹುದಿತ್ತು. ಮುದುಕಿಯ ಕಿವಿಯ ಹತ್ತಿರ ಬಗ್ಗಿ ಎರಡು ಮಾತು ಆಡಿದ್ದರೆ ಸಾಕಿತ್ತು. ಆದರೆ ಹಿಂದಿನ ಕುರ್ಚಿಯಲ್ಲೇ ಪ್ರಯೋಮ್ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು, ಆ ಬೀಸಣಿಗೆ ನಿಂತಿತ್ತು. ಅಡುಗೆಯವರು ಕರೆದರೆಂದು ಸುಳ್ಳು ಹೇಳಿ ಸಮ್ಲೀ ಎದ್ದು ಹೋದಳು.

ಹಿರಿಯರು ನೀರೆರೆಯುವ ಹೊತ್ತಾಯಿತು. ವಧೂವರರು ಪಕ್ಕಪಕ್ಕ ಮಂಡಿಯೂರಿ, ಇಬ್ಬರ ತಲೆಗೂ ಒಂದೇ ಬಿಳಿ ದಾರದ ಕುಣಿಕೆ ತೊಡಿಸಿಕೊಂಡು, ಕೈಜೋಡಿಸಿ ಹೂವಿನ ಬೋಗುಣಿಯ ಮೇಲೆ ಚಾಚಿದ್ದರು. ನೀರೆರೆದವರಿಗೆ ಕೊಡಲು ಸಣ್ಣ ಟವೆಲುಗಳ ಬುಟ್ಟಿ ಹಿಡಿದು ಸಮ್ಲೀ ಪಕ್ಕದಲ್ಲಿ ನಿಂತಳು. ಎಲ್ಲರಿಗಿಂತ ಮೊದಲು ಲಮೈ ಅಜ್ಜಿಯನ್ನು ಕರೆದುಕೊಂಡು ಬಂದರು. ಅವಳು ಶಂಖವನ್ನೆತ್ತಿ ಮೊಮ್ಮಗನ ಕೈ ಮೇಲೆ ನೀರು ಬಿಟ್ಟು, ಹರಸಿ, ನುಯಿಯ ಕೈಗಳತ್ತ ತಂದಳು. ಅಲ್ಲೇ ನಿಂತಳು.

"ನನ್ನ ಬಳಿ ಎಲ್ಲವಾ?"

ನುಯಿ ತಲೆ ಎತ್ತದೆ ಕಣ್ಣನ್ನಷ್ಟೇ ಎತ್ತಿ ಅಮ್ಮನನ್ನು ನೋಡಿದಳು. ಸಮ್ಲೀ ಬುಟ್ಟಿಯ ಟವೆಲುಗಳನ್ನು ಮೇಲೆ ಕೆಳಗೆ ಮಾಡಿ ಜೋಡಿಸತೊಡಗಿದಳು.

"ನಾನೇ ಬದಲಾಯಿಸ್ಕೊಂಡೆ ಅಜ್ಜಿ," ಎಂದಳು ನುಯಿ. "ಅಂಗಡೀಲಿ ಕೊಟ್ಟು ಇದನ್ನ ತಗೊಂಡೆ."

ವಿರೋಟ್ ತಿರುಗಿ ನೋಡಲು ಹೋದ. ದಾರ ಬಿಗಿಯಾಯಿತು, ಮತ್ತೆ ಮುಂದಕ್ಕೆ ತಿರುಗಿದ.

"ಅಂಗಡಿಯವ ಇಸಗೊಂಡನ?" ಎಂದು ಅಜ್ಜಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಲಾಗದ ಬೆರಗಿತ್ತು.

"ಹೂಂ."

ಅಜ್ಜಿ ಶಂಖವನ್ನು ಹಾಗೇ ತಟ್ಟೆಯಲ್ಲಿಟ್ಟಳು. ನುಯಿಯ ಕೈಗಳು ಒಣಗಿಯೇ ಉಳಿದವು. ಹಿಂದೆ ನಿಂತವರಿಗೆ ಏನಾಯಿತೆಂದು ತಿಳಿಯಲಿಲ್ಲ, ಮುಂದೆ ನಿಂತವರಿಗೆ ತಿಳಿಯಿತು. ಸಮ್ಲೀ ಅಭ್ಯಾಸಬಲದಿಂದ ಟವೆಲು ಚಾಚಿದಳು. ಅಜ್ಜಿ ಅದನ್ನು ತೆಗೆದುಕೊಂಡು, ಪಾಪ, ಅವಳಿಗೆ ಕೈಮುಗಿದು ಹೋದಳು.

ನಾಚಿಕೆಯೆಂದರೆ ಇದು ಎಂದು ಸಮ್ಲೀಗೆ ಆಗ ತಿಳಿಯಿತು. ಕತ್ತು ಹಸಿರಾದದ್ದು, ಪೇಟೆ ನಕ್ಕದ್ದು, ಅದೆಲ್ಲ ಇದರ ಮುಂದೆ ಏನೂ ಅಲ್ಲ. ಒಬ್ಬೊಬ್ಬರಾಗಿ ಬಂದು ನೀರೆರೆದರು, ಅವಳು ಒಬ್ಬೊಬ್ಬರಿಗೂ ಟವೆಲು ಕೊಟ್ಟಳು, ಬಾಯಿ ಮಾತ್ರ ಬಿಡಲಿಲ್ಲ. ಈಗ ಹೇಳುತ್ತೇನೆ, ಇವರು ಹೋದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಸಾಲು ಮುಗಿಯಿತು.

ಊಟದ ಹೊತ್ತಿಗೆ ವಿರೋಟ್ ಅವಳನ್ನು ಹುಡುಕಿಕೊಂಡು ಅಡುಗೆ ಶಾಮಿಯಾನದ ಹಿಂದೆ ಬಂದ.

"ಅಮ್ಮ, ನುಯಿ ಅಂಥವಳಲ್ಲ. ಕೇಳಿದ್ರೆ ಬಾಯೇ ಬಿಡ್ತಿಲ್ಲ. ಅಜ್ಜಿ ಎಲೆಯಡಿಕೆ ಕೂಡ ಮುಟ್ಟದೆ ಕೂತಿದ್ದಾಳೆ. ನಿಮಗೇನಾದ್ರೂ ಗೊತ್ತಾ?"

"ನಂಗೇನು ಗೊತ್ತು ಕಣಪ್ಪ," ಎಂದುಬಿಟ್ಟಳು ಸಮ್ಲೀ. "ಈಗಿನ ಹುಡುಗೀರು ಅಮ್ಮನ್ನ ಕೇಳಿ ಏನಾದ್ರೂ ಮಾಡ್ತಾರಾ?"

ಅವನು ತಲೆಯಾಡಿಸಿ ಹೋದ. ತಿರುಗಿದರೆ ನುಯಿ, ರೇಷ್ಮೆಯ ಸೆರಗನ್ನು ಎತ್ತಿ ಹಿಡಿದುಕೊಂಡು, ಅನ್ನದ ತಟ್ಟೆಯೊಂದಿಗೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಅಮ್ಮನ ಮುಂದಿಟ್ಟು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು," ಎಂದು ಹೇಳಿ ಹೋದಳು. ಬೈದಿದ್ದರೆ ಸಮ್ಲೀ ತಿರುಗಿ ಬೈಯುತ್ತಿದ್ದಳು. ಅದಕ್ಕೂ ಅವಕಾಶವಾಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಲಂಫೂನಿಗೆ ದೂರದ ದಾರಿ. ಊಟವಾದ ಕೂಡಲೇ ಗಂಡಿನ ಕಡೆಯವರ ವ್ಯಾನು ಹೊರಟು ನಿಂತಿತು. ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಕೆಲವು ದಿನ ಬಿಟ್ಟು ಹೊರಡಲಿದ್ದ ವಧೂವರರು ಬಾಗಿಲ ಬಳಿ ಬಂದು ಕೈಮುಗಿದರು. ಅಜ್ಜಿ ಮೊಮ್ಮಗನ ತಲೆ ಸವರಿದಳು. ನುಯಿಗೆ, "ಬಾರವಾ, ಮನಿ ಐತಿ," ಎಂದಳು, ಬಾಡಿಗೆಗೆ ಬರುವವರಿಗೆ ಹೇಳುವ ಹಾಗೆ.

ಆ ಮನೆಯಲ್ಲಿ, ಆ ದನಿಯ ಕೆಳಗೆ, ಮಗಳು ಬಾಳಬೇಕು. ಸಮ್ಲೀ ವ್ಯಾನಿನ ಬಾಗಿಲಿಗೆ ನುಗ್ಗಿದಳು. ಸುತ್ತ ಯಾರಿದ್ದಾರೆಂದು ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಅವಳಲ್ಲ ಅಜ್ಜಿ! ನಾನು! ಅವಳಿಗೆ ಹೇಳದೆ ನಾನೇ ಹೋಗಿ ಕೊಟ್ಟೆ. ನಗ್ತಾರೆ ಅಂತ ಕೊಟ್ಟೆ. ಆಮೇಲೆ ಅವಳು ತನ್ನ ಮೇಲೆ ಹಾಕ್ಕೊಂಡ್ಳು, ನಾನು ಸುಮ್ನೆ ನಿಂತಿದ್ದೆ. ನಿಮ್ಮ ಮೊಮ್ಮಗನಿಗೂ ಸುಳ್ಳು ಹೇಳಿದೆ."

ಪೇಟೆಯ ದನಿ, ಪೇಟೆಯಷ್ಟೇ ದೊಡ್ಡದಾಗಿ ಹೊರಟಿತು. ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪ್ರಯೋಮ್ ಬಾಯಿ ತೆರೆದವಳು, ಏನು ಕಂಡಳೋ, ಮುಚ್ಚಿಕೊಂಡು ಪಕ್ಕಕ್ಕೆ ನೋಡಿದಳು.

"ಎಲ್ಲೈತಿ ಈಗ?" ಎಂದಳು ಅಜ್ಜಿ.

"ಕರಗಿಸಿಬಿಟ್ರು."

ಅಜ್ಜಿ ಮುಂದಿನ ಗಾಜಿನತ್ತ ತಿರುಗಿದಳು. ಡ್ರೈವರು ಗಾಡಿ ಚಾಲೂ ಮಾಡಿದ. ಅವಳು ಅವನ ಕೈಗೆ ಒಂದು ಏಟು ಕೊಟ್ಟು ನಿಲ್ಲಿಸಿದಳು. ಮಂಡಿ ಹಿಡಿದುಕೊಂಡು ಒಂದೊಂದೇ ಕಾಲನ್ನು ಕೆಳಗಿಟ್ಟು ಇಳಿದಳು. ಸೀಟಿನ ಪಕ್ಕದಲ್ಲಿದ್ದ ಕುಡಿಯುವ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು.

"ಕೈ ತಾ," ಎಂದಳು ನುಯಿಗೆ.

ನುಯಿ ಧೂಳಿನಲ್ಲೇ ಮಂಡಿಯೂರಿ ಕೈಜೋಡಿಸಿ ಚಾಚಿದಳು. ವಿರೋಟ್ ಓಡಿಬಂದು ಅವಳ ಪಕ್ಕ ಮಂಡಿಯೂರಿದ. ಅಜ್ಜಿ ಅವಸರ ಮಾಡಲಿಲ್ಲ. ನೀರನ್ನು ಸಣ್ಣಗೆ ಬಿಡುತ್ತ, ಮಕ್ಕಳಾಗಲಿ, ತೋಟ ತುಂಬಲಿ, ಜಗಳಾಡಿದರೂ ಒಂದೇ ಚಾಪೆಯಲ್ಲಿ ಮಲಗಿರಿ ಎಂದು ಉತ್ತರದವರ ಹಾರೈಕೆಯನ್ನೆಲ್ಲ ಹೇಳಿ ಮುಗಿಸಿದಳು. ಹೊಸ ಬಳೆಯ ಮೇಲೆ ನೀರು ಹರಿಯಿತು. ಅವಳು ಅದನ್ನು ನೋಡಿದರೂ ನೀರು ನಿಲ್ಲಿಸಲಿಲ್ಲ.

ನೀರು ಮುಗಿದ ಮೇಲೆ ಅಜ್ಜಿ, ಯಾರ ಮುಖವನ್ನೂ ನೋಡದೆ, ಖಾಲಿ ಬಾಟಲಿಯನ್ನು ಪಕ್ಕಕ್ಕೆ ಚಾಚಿದಳು. ಅಲ್ಲಿ ಸಮ್ಲೀ ನಿಂತಿದ್ದಳು. ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡಳು. ಅಜ್ಜಿ ಮತ್ತೆ ಹತ್ತಿ ಕೂತ ವ್ಯಾನು ತಿರುವಿನಲ್ಲಿ ಮರೆಯಾಗಿ, ಜನ ಕುರ್ಚಿಗಳನ್ನು ಮಡಿಸಲು ಹೋದ ಮೇಲೂ ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.