ಎಡಭುಜದ ಅಳತೆ

ಪೊಲೀಸ್ ಅಧಿಕಾರಿ ಕಾಗದದ ಪೊಟ್ಟಣ ಬಿಚ್ಚಿ, ಬೂದು ಬಣ್ಣದ ಉದ್ದನೆಯ ಅಂಗಿಯೊಂದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಾಗ ಇಂಚಕ್ಕ ಹಿಡಿದಿದ್ದ ಕತ್ತರಿ ಕೆಳಗಿಟ್ಟಳು. ಅಂಗಿಯ ಕೆಳಅಂಚು ಹರಿದಿತ್ತು, ಬೆನ್ನಿನ ಮೇಲೆ ಬೂಟಿನ ಗುರುತಿತ್ತು. ಆದರೂ ತನ್ನ ಹೊಲಿಗೆಯನ್ನು ಗುರುತಿಸಲು ಟೇಲರ್ ಆದವಳಿಗೆ ಎಷ್ಟು ಹೊತ್ತು ಬೇಕು? ಮಗು ಮಣ್ಣಿನಲ್ಲಿ ಹೊರಳಿ ಬಂದರೂ ಹೆತ್ತವಳಿಗೆ ಗುರುತು ಸಿಗುತ್ತದೆ.

"ಇದು ನಿಮ್ಮ ಕೈದಾ ಅಮ್ಮ?" ಎಂದು ಅವನು ಕೇಳಿದ. ಇಂಚಕ್ಕ ಅಲ್ಲ ಎಂದಳು. ಹೇಳಿದ ರೀತಿ ತನಗೇ ಸರಿ ಕಾಣಲಿಲ್ಲ.

ಬೀದಿಯವರು ಅವಳಿಗೆ ಇಂಚಕ್ಕ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವಳ ಕಣ್ಣು ಭುಜದ ಮೇಲೆ ಹೋಗುತ್ತಿತ್ತು. ಸತ್ತವರ ಮನೆಗೆ ಹೋದರೂ ಹೆಣದ ಸುತ್ತಳತೆ ಲೆಕ್ಕ ಹಾಕುತ್ತಾಳೆ ಎಂದು ತಂಗಿ ರೇಗಿಸುತ್ತಿದ್ದಳು. ಆ ತಂಗಿ ಪಕ್ಕದ ಬಡಾವಣೆಯ ಶಾಲೆಯಲ್ಲಿ ಟೀಚರ್. ಮೇಜಿನ ಮೇಲಿದ್ದ ಅಂಗಿ ಅವಳದೇ.

ಮೂರು ವರ್ಷದ ಹಿಂದೆ ಗಂಡ ತಂಗಿಯ ಎಡಭುಜದ ಮೂಳೆ ಮುರಿದಿದ್ದ. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಠಾಣೆಗೆ ಹೋದರೆ, ದೂರು ಬರೆಸಲು ಮನೆಯ ಯಜಮಾನನ ಸಹಿ ತಾ ಎಂದರು. ಮುರಿದವನೇ ಸಹಿ ಹಾಕಬೇಕಂತೆ! ಕಾನೂನು ಬರೆದ ಮಹಾನುಭಾವರಿಗೆ ಆ ಹೊತ್ತು ನಿದ್ದೆ ಬಂದಿರಬೇಕು. ಮೂಳೆ ಕೂಡಿಕೊಂಡಿತು, ಆದರೆ ಭುಜ ಮುಕ್ಕಾಲು ಇಂಚು ಕೆಳಗೇ ಉಳಿಯಿತು. ಅಂಥದೇ ಕಥೆಯ ಹನ್ನೊಂದು ಹೆಂಗಸರೊಂದಿಗೆ ಸೇರಿ ಅವಳು ಪ್ರತಿ ಮಂಗಳವಾರ ನ್ಯಾಯಾಲಯದ ಮುಂದೆ ಅರ್ಧ ಗಂಟೆ ನಿಲ್ಲತೊಡಗಿದಳು. ಕೂಗಾಟವಿಲ್ಲ, ಕಲ್ಲಿಲ್ಲ. ಆ ಸಹಿ ಬೇಡ ಎಂದು ಬರೆದ ಒಂದು ಬಟ್ಟೆ ಹಿಡಿದು ಬಾಯಿ ಮುಚ್ಚಿ ನಿಲ್ಲುವುದು, ಅಷ್ಟೆ.

ಅಷ್ಟಕ್ಕೇ ಪೊಲೀಸರು ಮುಖ ಗುರುತಿಸಿ ಕೆಲಸದ ಜಾಗಕ್ಕೆ ಫೋನು ಮಾಡಿದರು, ಮನೆಯೆದುರು ಜೀಪು ನಿಲ್ಲಿಸಿದರು. ಇಬ್ಬರ ಕೆಲಸ ಹೋಯಿತು. ಔಷಧಿ ಅಂಗಡಿಯ ಹುಡುಗಿಯೊಬ್ಬಳನ್ನು ವಿಚಾರಣೆಗೆಂದು ಕರೆದೊಯ್ದು ಐದು ದಿನ ಇಟ್ಟುಕೊಂಡರು. ವಾಪಸು ಬಂದವಳು ಇವತ್ತಿಗೂ ಯಾರೊಂದಿಗೂ ಮಾತಾಡುವುದಿಲ್ಲ. ಆಮೇಲೆಯೇ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿ, ಉಟ್ಟ ಬಟ್ಟೆಯ ಮೇಲೆ ಒಂದೇ ಥರದ ಬೂದು ಅಂಗಿ ತೊಟ್ಟು ನಿಲ್ಲುವುದೆಂದು ನಿರ್ಧರಿಸಿದ್ದು. ಎಲ್ಲಕ್ಕೂ ಒಂದೇ ಅಳತೆ ಇರಲಿ, ಯಾರು ಯಾರೆಂದು ತಿಳಿಯಬಾರದು ಎಂದು ತಂಗಿ ಒತ್ತಿ ಒತ್ತಿ ಹೇಳಿದ್ದಳು.

ಇಂಚಕ್ಕ ಹೂಂ ಎಂದಿದ್ದಳು. ಆದರೆ ಕತ್ತರಿ ಹಿಡಿದಾಗ ಕೈ ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಗೋಣಿಚೀಲದಂಥ ಬಟ್ಟೆ ಅವಳ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ. ಒಬ್ಬಳಿಗೆ ತೋಳು ಅರ್ಧ ಇಂಚು ಇಳಿಸಿದಳು, ಇನ್ನೊಬ್ಬಳಿಗೆ ಕಂಕುಳಲ್ಲಿ ಸಡಿಲ ಬಿಟ್ಟಳು. ತಂಗಿಯ ಅಂಗಿಗೆ ಎಡಭುಜದ ಒಳಗೆ, ಹೊರಗಿನಿಂದ ಕಾಣದ ಹಾಗೆ ಹತ್ತಿಯ ಮೆತ್ತೆ ಇಟ್ಟು ಹೊಲಿದಳು. ತೊಟ್ಟಾಗ ಅವಳು ಎಲ್ಲರಂತೆ ಸಮನಾಗಿ ಕಾಣಲಿ ಎಂಬ ಆಸೆ. ಈ ಮಂಗಳವಾರ ಲಾಠಿ ಬೀಸಿದಾಗ ಹಿಂದಿನಿಂದ ಯಾರೋ ಹಿಡಿದೆಳೆದರು, ಅವಳು ಗುಂಡಿ ಬಿಚ್ಚಿ ಅಂಗಿ ಅವರ ಕೈಯಲ್ಲೇ ಬಿಟ್ಟು ಓಡಿದಳು. "ಹೋದ್ರೆ ಹೋಯ್ತು ಬಿಡಕ್ಕ, ಎಲ್ಲಾ ಒಂದೇ ಥರ ಇವೆಯಲ್ಲ, ಯಾರದು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಮನೆಗೆ ಬಂದು ನಕ್ಕಿದ್ದಳು. ನಿಜ ಹೇಳಲು ಇಂಚಕ್ಕನಿಗೆ ಬಾಯಿ ಬರಲಿಲ್ಲ.

ಈಗ ಅಧಿಕಾರಿ ಅಂಗಿಯ ಒಳಭಾಗ ಹೊರಳಿಸಿ ಎಡಭುಜವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ತನ್ನ ತಂದೆಯೂ ಟೇಲರ್ ಎಂದು ಹೇಳಿದ. ಅವನು ಗೂಟದಲ್ಲಿದ್ದ ರವಿಕೆಯೊಂದನ್ನು ತೆಗೆದು, ಅದರ ಹೊಲಿಗೆಯ ಕೊನೆಯ ಗಂಟನ್ನೂ ಅಂಗಿಯ ಗಂಟನ್ನೂ ಪಕ್ಕಪಕ್ಕ ಹಿಡಿದು ನೋಡಿ, ರವಿಕೆಯನ್ನು ಮತ್ತೆ ಗೂಟಕ್ಕೆ ಹಾಕಿದ. ಜೊತೆಗೆ ಬಂದಿದ್ದ ಮಹಿಳಾ ಪೇದೆಯನ್ನು ಅಂಗಡಿಯೊಳಗೆ ಕೂರಿಸಿದ. ಸಂಜೆಯವರೆಗೆ ಬರುವ ಪ್ರತಿ ಹೆಂಗಸಿಗೂ ಈ ಅಂಗಿ ತೊಡಿಸಿ ನೋಡಬೇಕು, ಎಡಭುಜ ಸರಿಯಾಗಿ ಕೂತರೆ ತನಗೆ ಫೋನು ಮಾಡಬೇಕು ಎಂದ. ಹೋಗುವಾಗ ಇಂಚಕ್ಕನ ಫೋನನ್ನು ಜೇಬಿಗೆ ಹಾಕಿಕೊಂಡ.

ತಂಗಿ ದಿನಾ ನಾಲ್ಕು ಗಂಟೆಗೆ ಶಾಲೆ ಬಿಟ್ಟು ನೇರ ಅಂಗಡಿಗೇ ಬರುತ್ತಿದ್ದಳು.

ಇಂಚಕ್ಕ ಮಿಷನ್ನಿನ ಮುಂದೆ ಕೂತಳು. ಒಂದು ಗುಂಡಿಯ ಕಾಜಾ ಹೊಲಿಯುವಷ್ಟರಲ್ಲಿ ಮೂರು ಸಲ ದಾರ ತುಂಡಾಯಿತು. ಹನ್ನೊಂದಕ್ಕೆ ಬಂದ ಬ್ಯಾಂಕಿನಾಕೆ ಅಂಗಿ ತೊಡಲು ಒಪ್ಪದೆ ದಬಾಯಿಸಿದಳು, ಪೇದೆ ಲಾಠಿಯನ್ನು ಮೇಜಿನ ಮೇಲಿಟ್ಟ ಸದ್ದಿಗೆ ಸುಮ್ಮನಾಗಿ ತೊಟ್ಟಳು. ಆಮೇಲೆ ಬಂದ ಕಾಲೇಜಿನ ಹುಡುಗಿ ತೊಟ್ಟು, ಬಿಚ್ಚಿ, ಅಳುತ್ತಾ ಹೊಲಿಯಲು ತಂದ ಬಟ್ಟೆಯನ್ನೂ ಮರೆತು ಓಡಿದಳು. ತಂಗಿಗೆ ಹೇಳಿ ಕಳಿಸೋಣವೆಂದರೆ ಬಾಗಿಲಿಗೆ ಪೇದೆ ಅಡ್ಡ. ಬಚ್ಚಲಿಗೆ ಹೋದರೂ ಅವಳು ಹಿಂದೆಯೇ ಬಂದು ನಿಂತಳು. ಪಾಪ, ಕೆಟ್ಟವಳೇನಲ್ಲ. ಸಡಿಲವಾಗಿದ್ದ ತನ್ನ ಅಂಗಿಯ ಗುಂಡಿಯೊಂದನ್ನು ಹೊಲಿಸಿಕೊಂಡು, ನಾನು ಹೇಳಿದಷ್ಟು ಮಾಡುವವಳು ಎಂದು ನಿಟ್ಟುಸಿರು ಬಿಟ್ಟಳು. ಇಂಚಕ್ಕನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಮೂರೂ ಮುಕ್ಕಾಲಿಗೆ ಇಸ್ತ್ರಿಯಮ್ಮ ಬಂದಳು. ಅರವತ್ತರ ಹತ್ತಿರದ ಹೆಂಗಸು, ಬೀದಿಯ ಕೊನೆಯಲ್ಲಿ ಇಸ್ತ್ರಿ ಮಾಡುವವಳು. ಸಿದ್ಧವಾದ ಬಟ್ಟೆಗಳ ಗಂಟನ್ನು ಹೊತ್ತು ತಂದಿದ್ದಳು. ಪೇದೆ ಅಂಗಿ ತೊಡಿಸಿದಳು. ನಲವತ್ತು ವರ್ಷ ಒಂದೇ ಕಡೆ ಗಂಟು ಹೊತ್ತು ಇಳಿದ ಎಡಭುಜ ಆ ಮೆತ್ತೆಯ ಕೆಳಗೆ ಸರಿಯಾಗಿ ಕೂತುಬಿಟ್ಟಿತು.

ಪೇದೆ ಫೋನು ತೆಗೆದಳು. ಐದು ನಿಮಿಷದಲ್ಲಿ ಜೀಪು ಬಂತು.

ಇಸ್ತ್ರಿಯಮ್ಮನಿಗೆ ಏನೊಂದೂ ಅರ್ಥವಾಗಲಿಲ್ಲ. "ನಾನು ಬಟ್ಟೆ ಕೊಡೋಕೆ ಬಂದೋಳು ಸಾರ್," ಎಂದಳು. ಅಧಿಕಾರಿ ಮಂಗಳವಾರ ಎಲ್ಲಿದ್ದೆ ಎಂದು ಕೇಳಿದ. ಅವಳಿಗೆ ಅವತ್ತು ಯಾವ ವಾರ ಎನ್ನುವುದೇ ಮರೆತುಹೋಗಿತ್ತು.

ಇಂಚಕ್ಕನಿಗೆ ಆಗ ಮೊದಲು ಆದದ್ದು ಸಮಾಧಾನ. ಅದನ್ನು ಮುಚ್ಚಿಡುವುದೇಕೆ? ತಂಗಿ ಉಳಿದಳು, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡಳು. ಪೇದೆ ಇಸ್ತ್ರಿಯಮ್ಮನ ರಟ್ಟೆ ಹಿಡಿದಳು. ಔಷಧಿ ಅಂಗಡಿಯ ಹುಡುಗಿಯ ಮುಖ ಇಂಚಕ್ಕನ ಕಣ್ಣಿಗೆ ಕಟ್ಟಿತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

"ಅದು ಅವರಿಗೆ ಸರಿಯಾಗಿಲ್ಲ ಸರ್," ಎಂದಳು. "ಬೆನ್ನು ನೋಡಿ, ನೆರಿಗೆ ಬಿದ್ದಿದೆ. ಮುಂದೆ ಅಂಚು ನೆಲಕ್ಕೆ ತಾಗ್ತಿದೆ. ಅವರ ಬೆನ್ನು ಬಾಗಿದೆ. ಇದು ನೆಟ್ಟಗೆ ನಿಲ್ಲೋ ಹೆಂಗಸಿಗೆ ಅಂತ ಹೊಲಿದಿದ್ದು."

ಅಧಿಕಾರಿ ಇಸ್ತ್ರಿಯಮ್ಮನ ಸುತ್ತ ಒಂದು ಸುತ್ತು ಬಂದು ಬೆನ್ನು ನೋಡಿದ. ಅಂಗಿ ಬಿಚ್ಚಿಸಿ ತನ್ನ ತೋಳಿನ ಮೇಲೆ ಹಾಕಿಕೊಂಡು, ಅವಳಿಗೆ ಹೋಗಲು ಹೇಳಿದ. ಅವಳು ಗಂಟನ್ನು ಅಲ್ಲೇ ಬಿಟ್ಟು ಹೊರಟುಹೋದಳು.

"ನಮ್ಮಪ್ಪನೂ ಹೀಗೇ," ಎಂದ ಅವನು. "ಬಟ್ಟೆ ಸರಿಯಾಗಿ ಕೂತಿಲ್ಲ ಅಂದ್ರೆ ಬಾಯಿ ಸುಮ್ಮನಿರ್ತಿರಲಿಲ್ಲ. ಬೆಳಿಗ್ಗೆಯಿಂದ ನಾನು ಕಾಯ್ತಿದ್ದಿದ್ದು ನಿನ್ನ ಬಾಯಿಗೇ. ಈಗ ಹೇಳು, ಆ ನೆಟ್ಟಗೆ ನಿಲ್ಲೋಳು ಯಾರು?"

ಅವನ ಬಾಯಲ್ಲಿ ಅಮ್ಮ ಹೋಗಿ ನೀನು ಆಗಿತ್ತು. ನೂರು ಜನಕ್ಕೆ ಹೊಲಿಯುತ್ತೇನೆ, ನೆನಪಿಲ್ಲ ಎಂದಳು ಇಂಚಕ್ಕ. ಠಾಣೆಯಲ್ಲಿ ಕೂತರೆ ನೆನಪು ತಾನಾಗಿ ಬರುತ್ತದೆ ಎಂದು ಅವನು ಸಾವಧಾನವಾಗಿ ಹೇಳಿದ.

ಅಷ್ಟರಲ್ಲಿ ತಂಗಿ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಎಡಭುಜಕ್ಕೆ ಶಾಲೆಯ ಚೀಲ, ಕೈಯಲ್ಲಿ ಮಕ್ಕಳ ಪುಸ್ತಕಗಳ ಕಟ್ಟು. ಅವಳ ಕಣ್ಣು ಅಧಿಕಾರಿಯ ತೋಳಿನಲ್ಲಿದ್ದ ಅಂಗಿಯ ಮೇಲೆ ಬಿತ್ತು, ಬಾಯಿ ತೆರೆಯಿತು.

"ನಿಮ್ಮ ಬಟ್ಟೆ ಇನ್ನೂ ಆಗಿಲ್ಲಮ್ಮ," ಎಂದಳು ಇಂಚಕ್ಕ, ಎಲ್ಲರಿಗಿಂತ ಮೊದಲು. "ಮುಂದಿನ ವಾರ ಬನ್ನಿ."

ತಾನೇ ಎತ್ತಿ ಆಡಿಸಿ ಬೆಳೆಸಿದ ತಂಗಿಗೆ ಇಂಚಕ್ಕ ಬನ್ನಿ ಎಂದದ್ದು ಅದೇ ಮೊದಲು. ತಂಗಿ ಅವಳ ಮುಖವನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಬಣ್ಣ ಇಳಿಯಿತು. ಆಗಲಿ ಎಂದು ಸಣ್ಣ ದನಿಯಲ್ಲಿ ಹೇಳಿ ತಿರುಗಿದಳು. ಪೇದೆ ಎದ್ದು, ಇವರಿಗೂ ತೊಡಿಸಿ ನೋಡಬೇಕಾ ಸರ್ ಎಂದು ಕೇಳಿದಳು.

ಅಧಿಕಾರಿ ತಲೆಯೆತ್ತಿದ. ಅಲ್ಲಿ ಬೀದಿಯಲ್ಲಿ, ನೋಯುವ ಎಡಭುಜದ ಮೇಲಿಂದ ಚೀಲ ತೆಗೆದು ತಂಗಿ ಬಲಭುಜಕ್ಕೆ ಹಾಕಿಕೊಳ್ಳುತ್ತಿದ್ದಳು.

ಇಂಚಕ್ಕ ಎದ್ದು ಬಂದು ಬಾಗಿಲಿನ ಚೌಕಟ್ಟನ್ನು ಎರಡೂ ಕಡೆ ಹಿಡಿದು, ಬೀದಿಗೆ ಬೆನ್ನು ಹಾಕಿ ನಿಂತಳು. ಅಧಿಕಾರಿಗೆ ಬೀದಿ ಮರೆಯಾಯಿತು.

"ನೆನಪಾಗ್ತಿದೆ ಸರ್," ಎಂದಳು. "ಇಲ್ಲಿ ಬೇಡ. ನಡೀರಿ, ಠಾಣೆಗೆ ಹೋಗೋಣ. ಈಗಲೇ ಹೋಗೋಣ."