ವ್ಯಾನಿನೊಳಗಿಂದ ಕಂಡ ಊರುಗಳು

ಸೌಮ್ಯಳ ಪದವಿ ಪ್ರದಾನಕ್ಕೆ ಮನೆಯವರೆಲ್ಲ ಫ್ರಾನ್ಸಿಗೆ ಹೋಗುವುದೆಂದು ತೀರ್ಮಾನವಾದಾಗ ಉಳಿದ ತೊಡಕು ಒಂದೇ: ಅಜ್ಜಿಯನ್ನು ಏನು ಮಾಡುವುದು? ಎಂಬತ್ತೊಂದರ ವಿಶಾಲಾಕ್ಷಮ್ಮನವರಿಗೆ ಲಕ್ವ ಹೊಡೆದು ಬಲಗಾಲು ಸ್ವಾಧೀನ ತಪ್ಪಿತ್ತು. ಬಿಟ್ಟುಹೋಗುವಂತಿಲ್ಲ. ಮೊಮ್ಮಗಳು ಬೇರೆ, ಅಜ್ಜಿ ಬರಲೇಬೇಕೆಂದು ಫೋನಿನಲ್ಲಿ ಹಟ ಹಿಡಿದಿದ್ದಳು. ಕೊನೆಗೆ ಮಗ ಶಿವಪ್ರಕಾಶ್, ಅಮ್ಮನನ್ನು ನೋಡಿಕೊಳ್ಳುವ ಚಿನ್ನಿಗೂ ಪಾಸ್‌ಪೋರ್ಟ್ ಮಾಡಿಸಿದರು.

ಚಿನ್ನಿ ನೆಲ್ಯಹುದಿಕೇರಿಯವಳು, ವಯಸ್ಸು ನಲವತ್ತೆರಡು. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗೆ, ಕಾಫಿ ತೋಟದ ನಡುವೆ ಇದ್ದ ಶಿವಪ್ರಕಾಶರ ಮನೆಯಲ್ಲೇ ಉಳಿದುಕೊಂಡು ಎರಡು ವರ್ಷದಿಂದ ವಿಶಾಲಾಕ್ಷಮ್ಮನವರ ಸ್ನಾನ, ಊಟ, ಮಾತ್ರೆ ಎಲ್ಲ ನೋಡುತ್ತಿದ್ದಳು. ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ತನ್ನ ಮನೆಗೆ ಹೋಗುತ್ತಿದ್ದಳು. ಫ್ರಾನ್ಸಿನ ಸುದ್ದಿ ಕೇಳಿ ಮಗಳು ರಶ್ಮಿತಾ ಕುಣಿದಾಡಿದಳು. ಅವಳು ಪಿಯುಸಿ ಓದುತ್ತಿದ್ದಳು. ಸೌಮ್ಯ ಇರುವ ಬ್ರಿಟನಿ ಎಂಬ ಕಡಲ ತೀರದ ಸೀಮೆಯ ಹಳೇ ಊರುಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ಅವ್ವನಿಗೆ ತೋರಿಸಿದಳು. ಕಲ್ಲಿನ ಮನೆಗಳು, ಕಿಟಕಿಯ ಕೆಳಗೆ ಹೂವಿನ ಕುಂಡ, ಓಣಿಯ ತುದಿಗೆ ಸಮುದ್ರ.

"ಆರ್ನೂರು ವರ್ಷದ ಮನೆಗಳಂತೆ ಕಣವ್ವ. ಎಲ್ಲಾ ಕಡೆ ಫೋಟೋ ತೆಗಿ. ನೀನೂ ನಿಂತ್ಕಂಡು ತೆಗುಸ್ಕೊ."

ಪದವಿ ಪ್ರದಾನ ಮುಗಿದ ಮರುದಿನವೇ ಶಿವಪ್ರಕಾಶ್ ಒಂದು ವ್ಯಾನನ್ನು ಬಾಡಿಗೆಗೆ ಹಿಡಿದು ತಾವೇ ಓಡಿಸಿಕೊಂಡು ಹೊರಟರು. ದಿನಕ್ಕೆ ಎರಡು ಊರು ನೋಡುವುದೆಂದು ಅವರ ಹೆಂಡತಿ ವೀಣಾ ಪಟ್ಟಿ ಮಾಡಿಕೊಂಡಿದ್ದರು. ಮೊದಲನೆಯ ಊರಿನಲ್ಲಿ ಚಿನ್ನಿ ವೀಲ್‌ಚೇರ್ ಇಳಿಸಿ, ದೊಡ್ಡಮ್ಮನನ್ನು ಕೂರಿಸಿ, ಎಲ್ಲರ ಹಿಂದೆ ತಳ್ಳಿಕೊಂಡು ನಡೆದಳು. ಬೀದಿಗೆ ಗುಂಡುಕಲ್ಲು ಹಾಸಿದ್ದರು. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಮುಂದಿನ ಚಕ್ರ ಎರಡು ಕಲ್ಲುಗಳ ಸಂದಿಗೆ ಸಿಕ್ಕಿ ಕುರ್ಚಿ ವಾಲಿತು. ವಿಶಾಲಾಕ್ಷಮ್ಮ "ಅಯ್ಯೋ" ಎಂದು ಕೂಗಿದ್ದು ಚೌಕದಲ್ಲಿ ಕಾಫಿ ಕುಡಿಯುತ್ತಿದ್ದವರಿಗೆಲ್ಲ ಕೇಳಿಸಿತು.

ಶಿವಪ್ರಕಾಶ್ ಆ ಕಡೆ ಈ ಕಡೆ ನೋಡಿದರು. "ಚಿನ್ನಿ, ನೀವಿಬ್ರೂ ವ್ಯಾನಲ್ಲೇ ಕೂತಿರಿ. ಅರ್ಧ ಗಂಟೆ, ಬಂದ್ಬಿಡ್ತೀವಿ."

ಅಲ್ಲಿಂದ ಮುಂದೆ ಪ್ರತಿ ಊರಿನಲ್ಲೂ ಅದೇ ಅರ್ಧ ಗಂಟೆ. ಒಮ್ಮೆ ಅದು ಮುಕ್ಕಾಲು ಗಂಟೆಯಾಯಿತು, ಒಮ್ಮೆ ಎರಡು ಗಂಟೆ. ಹೊರಡುವಾಗ ಶಿವಪ್ರಕಾಶ್ ವ್ಯಾನಿಗೆ ಬೀಗ ಒತ್ತಿ, ಗಾಜಿನ ಹೊರಗಿನಿಂದ ಬೆರಳು ಅಲ್ಲಾಡಿಸಿ ಹೇಳಿಹೋಗುತ್ತಿದ್ದರು: ಏನೂ ಮುಟ್ಟಬೇಡ, ಬಾಗಿಲು ತೆಗೆದರೆ ಅಲಾರಂ ಹೊಡೆಯುತ್ತದೆ, ಪೊಲೀಸರು ಬರುತ್ತಾರೆ. ಚಿನ್ನಿಯ ಫೋನಿಗೆ ಆ ದೇಶದ ಸಿಮ್ ಹಾಕಿಸಿರಲಿಲ್ಲ. ಊರುಗಳ ಹೆಸರು ಅವಳ ಬಾಯಿಗೆ ಹೊರಳುತ್ತಿರಲಿಲ್ಲ. ಒಂದು ಊರೆಂದರೆ ಅವಳಿಗೆ ಪೈನ್ ಮರದ ನೆರಳಿದ್ದ ಪಾರ್ಕಿಂಗು, ಇನ್ನೊಂದು ಸ್ಮಶಾನದ ಗೋಡೆಗೆ ಅಂಟಿದ ಪಾರ್ಕಿಂಗು. ಮತ್ತೊಂದರಲ್ಲಿ ಬರೀ ಕಸದ ಡಬ್ಬಗಳ ಸಾಲು ಕಂಡಿತ್ತು. ರಶ್ಮಿತಾಗೆಂದು ಗಾಜಿನ ಮೂಲಕವೇ ಫೋಟೋ ತೆಗೆದಳು. ಅದರಲ್ಲಿ ಅವಳದೇ ಮುಖ ಮಸುಕಾಗಿ ಮೂಡಿತ್ತು.

ವಿಶಾಲಾಕ್ಷಮ್ಮ ಮೊದಮೊದಲು ಗೊಣಗಿದರು, ಆಮೇಲೆ ಗಾಜಿಗೆ ತಲೆ ಒರಗಿಸಿ ಕೂರತೊಡಗಿದರು.

ನಾಲ್ಕನೆಯ ದಿನ ಮಧ್ಯಾಹ್ನ ವ್ಯಾನು ನಿಂತದ್ದು ದಿಬ್ಬದ ಮೇಲಿನ ಒಂದು ಊರಿನಲ್ಲಿ. ನೆರಳಿರಲಿಲ್ಲ. ಎಲ್ಲರೂ ಹೋಗಿ ಒಂದೂವರೆ ಗಂಟೆಯಾಗಿತ್ತು. ಗಾಜು ಇಳಿಸಲು ಚಿನ್ನಿ ಗುಂಡಿ ಒತ್ತಿನೋಡಿದಳು, ಇಳಿಯಲಿಲ್ಲ. ಬಾಟಲಿಯ ನೀರು ಖಾಲಿಯಾಯಿತು. ಸೆರಗನ್ನೇ ಬೀಸಣಿಗೆ ಮಾಡಿಕೊಂಡು ದೊಡ್ಡಮ್ಮನ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

"ಚಿನ್ನಿ, ಎಷ್ಟೊತ್ತಾಯ್ತೇ ಅವ್ರು ಹೋಗಿ?"

"ಬತ್ತಾರೆ ದೊಡ್ಡಮ್ಮ. ಈಗ ಬತ್ತಾರೆ."

"ತಡ್ಕಳಕ್ಕಾಗ್ತಿಲ್ಲ ಕಣೇ. ಬೆಳಿಗ್ಗೆ ಹೋಗಿದ್ದು." ಅವರು ಸೀಟಿನ ಅಂಚನ್ನು ಹಿಡಿದುಕೊಂಡರು. "ಇಲ್ಲೇ ಸೀಟಲ್ಲಿ ಆಗೋದ್ರೆ ಶಿವು ನನ್ನ ಮುಖ ನೋಡ್ತಾನೇನೇ?"

ಚಿನ್ನಿ ಹಿಂದಿನ ಬಾಗಿಲನ್ನು ಎಳೆದಳು, ಮತ್ತೆ ಎಳೆದಳು. ಅದು ಒಳಗಿನಿಂದ ತೆರೆಯದಂತೆ ಮಕ್ಕಳ ಬೀಗ ಹಾಕಿತ್ತು. ಗಾಜು ಬಡಿದಳು. ಹಾದುಹೋಗುತ್ತಿದ್ದ ಗಂಡ ಹೆಂಡತಿ ಅವಳು ಕೈಬೀಸಿದಳೆಂದುಕೊಂಡು ತಾವೂ ನಕ್ಕು ಕೈಬೀಸಿದರು. ಚಿನ್ನಿ ಮುಂದಿನ ಬಾಗಿಲ ಕಡೆ ನೋಡಿದಳು. ಪೊಲೀಸರು ಹಿಡಿದರೆ ತಾನು ಯಾವ ಭಾಷೆಯಲ್ಲಿ ಏನೆಂದು ಹೇಳುವುದು? ಪಾಸ್‌ಪೋರ್ಟ್ ಕೂಡ ಸಾರ್ ಬ್ಯಾಗಿನಲ್ಲಿತ್ತು. ದೊಡ್ಡಮ್ಮ ಕಣ್ಣುಮುಚ್ಚಿ ಹಲ್ಲು ಕಚ್ಚಿಕೊಂಡಿದ್ದರು.

ಚಿನ್ನಿ ಸೀಟುಗಳ ನಡುವೆ ನುಸುಳಿ ಮುಂದಕ್ಕೆ ಹೋಗಿ ಮುಂದಿನ ಬಾಗಿಲಿನ ಹಿಡಿ ಎಳೆದಳು. ಬಾಗಿಲು ತೆರೆಯಿತು. ಅಲಾರಂ ಊರೆಲ್ಲ ಕೇಳುವಂತೆ ಅರಚತೊಡಗಿತು.

ಎದುರಿನ ಕಲ್ಲುಮನೆಯಿಂದ ನೀಲಿ ಸ್ವೆಟರಿನ ಮುದುಕಿಯೊಬ್ಬಳು ಹೊರಗೆ ಬಂದಳು. ಚಿನ್ನಿ ದೊಡ್ಡಮ್ಮನನ್ನು ತೋರಿಸಿ, ಹೊಟ್ಟೆ ಮುಟ್ಟಿ, ಕೈ ಮುಗಿದಳು. ಮುದುಕಿಗೆ ಅಷ್ಟೇ ಸಾಕಾಯಿತು. ಇಬ್ಬರೂ ಹೊರಗಿನಿಂದ ಹಿಂದಿನ ಬಾಗಿಲು ತೆರೆದು, ವಿಶಾಲಾಕ್ಷಮ್ಮನವರನ್ನು ಎರಡೂ ಕಡೆಯಿಂದ ಹಿಡಿದು, ಮೂರು ಮೆಟ್ಟಿಲು ಹತ್ತಿಸಿ, ಮಹಡಿ ಮೆಟ್ಟಿಲ ಕೆಳಗಿದ್ದ ಶೌಚಾಲಯಕ್ಕೆ ಮುಟ್ಟಿಸಿದರು.

ಆಮೇಲೆ ಅಡುಗೆಮನೆಯಲ್ಲಿ ಕೂತರು. ಮುದುಕಿ ತಣ್ಣನೆಯ ನೀರು ಕೊಟ್ಟಳು, ಬೆಣ್ಣೆ ಹಾಕಿ ಬೇಯಿಸಿದ ದಪ್ಪ ಕೇಕನ್ನು ಹೋಳು ಮಾಡಿ ಮುಂದಿಟ್ಟಳು. ಗೋಡೆ ಒಂದೂವರೆ ಮೊಳ ದಪ್ಪ ಇತ್ತು, ಒಳಗೆ ತಂಪು. ಚಿಕ್ಕ ಕಿಟಕಿಯಾಚೆ ಮನೆಗಳ ಮಾಡು ಇಳಿಯುತ್ತ ಹೋಗಿ ಕೊನೆಗೆ ಸಮುದ್ರ. ವಿಶಾಲಾಕ್ಷಮ್ಮ ಅದನ್ನೇ ನೋಡುತ್ತ ಕೇಕು ತಿಂದರು. ಮುದುಕಿ ಫ್ರೆಂಚಿನಲ್ಲಿ ಏನೋ ಕೇಳಿದಳು, ಅವರು ನಗುತ್ತ ಕನ್ನಡದಲ್ಲೇ ಉತ್ತರ ಕೊಟ್ಟರು: "ನಮ್ದು ಹಾಸನದ ಕಡೆ ತಾಯಿ, ಈಗ ಕೊಡಗಲ್ಲಿದೀವಿ." ನಾಲ್ಕು ದಿನದಲ್ಲಿ ದೊಡ್ಡಮ್ಮ ನಕ್ಕದ್ದನ್ನು ಚಿನ್ನಿ ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಹೊರಗೆ ಶಿವಪ್ರಕಾಶರ ಕೂಗು ಕೇಳಿಸಿತು. ಮುದುಕಿ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈ ಇಟ್ಟು, ಅವರನ್ನು ತರಾಟೆಗೆ ತೆಗೆದುಕೊಂಡಳು. ಒಂದು ಮಾತೂ ಅರ್ಥವಾಗದೆ ಅವರು ಮಗಳ ಕಡೆ ತಿರುಗಿದರು.

"ಏನಂತೆ?"

ಸೌಮ್ಯ ನೆಲ ನೋಡಿದಳು. "ಇಂಥ ಬಿಸಿಲಲ್ಲಿ ನಾಯೀನೂ ಯಾರೂ ಕಾರೊಳಗೆ ಬಿಟ್ಟು ಹೋಗಲ್ಲ ಅಂತಿದಾರೆ ಅಪ್ಪ."

ಶಿವಪ್ರಕಾಶರ ಮುಖ ಕೆಂಪಾಯಿತು. ಅವರು ಚಿನ್ನಿಯ ಕಡೆ ನೋಡಿ, "ನಿಂಗೆ ಹತ್ತು ನಿಮಿಷ ತಡಿಯಕ್ಕಾಗ್ಲಿಲ್ವಾ? ಪರದೇಶದಲ್ಲಿ ನಮ್ಮ ಮಾನ ಕಳೆದ್ಯಲ್ಲ" ಎಂದರು. ವಿಶಾಲಾಕ್ಷಮ್ಮ "ತಡಿಯಕ್ಕಾಗ್ದೆ ಇದ್ದದ್ದು ನಂಗೆ ಕಣೋ" ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಉಳಿದ ಮೂರು ದಿನ ಅಜ್ಜಿ ಮತ್ತು ಚಿನ್ನಿಯನ್ನು ಹೋಟೆಲಿನ ರೂಮಿನಲ್ಲೇ ಬಿಟ್ಟು ಅವರು ಊರುಗಳನ್ನು ನೋಡಿ ಮುಗಿಸಿದರು.

ಕೊಡಗಿಗೆ ವಾಪಸು ಬಂದ ಮೇಲೆ ಎಲ್ಲ ಹಿಂದಿನಂತೆಯೇ ನಡೆಯಿತು. ಶ್ರಾವಣದಲ್ಲಿ ಕುಶಾಲನಗರದಲ್ಲಿ ನೆಂಟರ ಮದುವೆ ಬಂತು. ಗಂಡ ಹೆಂಡತಿ ಬೆಳಿಗ್ಗೆಯೇ ಹೊರಟರು. ಹೋಗುವಾಗ ಶಿವಪ್ರಕಾಶ್ ವರಾಂಡದ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕಿದರು. ಹಿತ್ತಲ ಬಾಗಿಲಿಗೂ ಹೊರಗಿನಿಂದಲೇ. ಎರಡು ವರ್ಷದಿಂದ ಅವರು ಮಾಡುತ್ತಿದ್ದದ್ದು ಅದನ್ನೇ. ತೋಟದಲ್ಲಿ ಆನೆ ಓಡಾಡುತ್ತದೆ, ಕಳ್ಳರ ಕಾಟ ಇದೆ ಎನ್ನುತ್ತಿದ್ದರು. ಚಿನ್ನಿಗೆ ಅದು ಎಂದೂ ತಪ್ಪೆನಿಸಿರಲಿಲ್ಲ. ಆ ದಿನ ಮಾತ್ರ ಬೀಗ ಕಚ್ಚಿದ ಸದ್ದಿಗೆ ಅವಳು ಗ್ರಿಲ್ಲಿನ ಹತ್ತಿರಕ್ಕೆ ಓಡಿಬಂದಳು.

"ಸಾರ್, ಒಂದ್ನಿಮಿಷ. ಕೀ ನನ್ನ ಹತ್ರ ಕೊಟ್ಟೋಗಿ. ನಾನು ಒಳಗಿಂದ ಹಾಕ್ಕತೀನಿ."

"ಯಾಕೆ?"

"ದೊಡ್ಡಮ್ಮಂಗೆ ಏನಾದ್ರೂ ಆದ್ರೆ? ಗ್ಯಾಸ್ ಏನಾದ್ರೂ ಹತ್ಕಂಡ್ರೆ? ನಾವು ಹೆಂಗೆ ಹೊರಗೆ ಬರೋದು ಸಾರ್?"

"ಅಲ್ಲಿ ಮಾಡಿದ್ದು ಸಾಕಾಗ್ಲಿಲ್ವಾ ನಿಂಗೆ? ಇಲ್ಲೂ ಶುರು ಮಾಡ್ಬೇಡ." ಅವರು ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಾರಿಗೆ ಹತ್ತಿದರು.

ಸಂಜೆ ಅವರು ಬರುವವರೆಗೆ ಚಿನ್ನಿ ಮನೆಯೊಳಗೆ ಓಡಾಡುತ್ತಲೇ ಇದ್ದಳು. ಒಂದೊಂದು ಕಿಟಕಿಗೂ ಹೋಗಿ ಕಂಬಿಗಳನ್ನು ಹಿಡಿದು ನೋಡಿದಳು. ಬಂದವರಿಗೆ ಕಾಫಿ ಕೊಟ್ಟು, ನಿಂತೇ ಹೇಳಿದಳು: "ಕೀ ಕೊಡದಿದ್ರೆ ನಾನಿರಲ್ಲ ಸಾರ್. ಬೇರೆಯವ್ರನ್ನ ನೋಡ್ಕಳಿ. ಅಲ್ಲೀವರ್ಗೆ ಇರ್ತೀನಿ."

ಅವರು ಬೇರೆಯವರನ್ನೇ ನೋಡಿಕೊಂಡರು. ವಾರದೊಳಗೆ ಪ್ರಿಯಾ ಎಂಬ ಹುಡುಗಿ ಬಂದಳು. ಚಿನ್ನಿ ಅವಳಿಗೆ ಮಾತ್ರೆಗಳ ಹೊತ್ತು ಹೇಳಿಕೊಟ್ಟಳು. ದೊಡ್ಡಮ್ಮನ ತಲೆ ಬಾಚಿ, ಬಟ್ಟೆಯ ಚೀಲ ಕೈಗೆ ತೆಗೆದುಕೊಂಡಳು. ವಿಶಾಲಾಕ್ಷಮ್ಮ ಅವಳ ಕೈ ಹಿಡಿದರು.

"ನೀ ಹೋಗ್ತೀಯ. ನಾ ಎಲ್ಲಿಗೆ ಹೋಗ್ಲೇ?"

ಚಿನ್ನಿ ಆ ಕೈಯನ್ನು ಒಮ್ಮೆ ಒತ್ತಿ ಹೊರಟಳು. ಬಸ್ಸು ಹತ್ತಿ ನೆಲ್ಯಹುದಿಕೇರಿಗೆ ಬಂದಳು. ಕಾಫಿ ಹಣ್ಣಾದಾಗ ಹತ್ತಿರದ ಎಸ್ಟೇಟಿಗೆ ಪಿಕ್ಕಿಂಗಿಗೆ ಸೇರಿದಳು. ಬೆನ್ನು ನೋಯುತ್ತಿತ್ತು. ಆದರೆ ದಿನವೂ ಸಂಜೆ ತನ್ನ ಮನೆಯ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತಿದ್ದಳು.

ಜನವರಿಯ ಒಂದು ಭಾನುವಾರ ಮನಸ್ಸು ತಡೆಯದೆ ಸುಂಟಿಕೊಪ್ಪಕ್ಕೆ ಹೋಗಿ, ಅಲ್ಲಿಂದ ನಡೆದು, ತೋಟದ ಮನೆಯ ಮುಂದೆ ನಿಂತಳು. ಅಂಗಳದಲ್ಲಿ ಕಾರಿರಲಿಲ್ಲ. ಗ್ರಿಲ್ಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಪ್ರಿಯಾ ಒಳಗಿನಿಂದ ಇಣುಕಿ, "ಕೀ ಇಲ್ಲ ಅಕ್ಕ, ಅವ್ರೆಲ್ಲ ನಾಪೋಕ್ಲಿಗೆ ಹೋಗವ್ರೆ" ಎಂದಳು. ಆಮೇಲೆ ವೀಲ್‌ಚೇರನ್ನು ಗ್ರಿಲ್ಲಿನ ಹತ್ತಿರಕ್ಕೆ ತಳ್ಳಿಕೊಂಡು ಬಂದಳು.

ವಿಶಾಲಾಕ್ಷಮ್ಮ ಸೊರಗಿದ್ದರು. ಕಂಬಿಗಳ ನಡುವಿನಿಂದ ಎಡಗೈ ಹೊರಗೆ ಚಾಚಿದರು. ಚಿನ್ನಿ ಹೊರಗಿನ ಮೆಟ್ಟಿಲ ಮೇಲೆ ಕೂತು ಅದನ್ನು ಹಿಡಿದುಕೊಂಡಳು.

"ನಿನ್ ಮಗಳು ಪರೀಕ್ಷೆಗೆ ಓದ್ತಾ ಇದಾಳೇನೇ?"

"ಓದ್ತಾವ್ಳೆ ದೊಡ್ಡಮ್ಮ."

"ಓದ್ಲಿ." ಅವರು ರಸ್ತೆಯ ಕಡೆ ನೋಡಿ, "ನಾಲ್ಕು ಗಂಟೆಗೆ ಬರ್ತಾರಂತೆ. ಅಲ್ಲಿವರ್ಗೂ ಇರ್ತೀಯಾ?" ಎಂದರು.

"ಇರ್ತೀನಿ" ಎಂದಳು ಚಿನ್ನಿ. ಆಗಿನ್ನೂ ಹನ್ನೆರಡು ಗಂಟೆ.