ಒಂದೇ ಪಟಿಕ, ನೂರು ಕೆನ್ನೆ

ಸೊಸೆಯ ತಟ್ಟೆ, ಲೋಟ ಬೇರೆಯಾದವು. ಬೇರೆ ಮಾಡಿದವಳು ಅತ್ತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆಯ ಮುಂದೆ ಅಂಚು ನೆಗ್ಗಿದ ಹಳೆಯ ತಟ್ಟೆಯೊಂದು ಬಂತು. ಉಂಡ ಮೇಲೆ ಅದು ಉಳಿದ ಪಾತ್ರೆಗಳ ಜೊತೆ ಸೇರದೆ ಹಿಂದಿನ ಬಾಗಿಲ ಪಕ್ಕದಲ್ಲಿ ಒಂಟಿಯಾಗಿ ಕೂತಿತು.

"ಏನಮ್ಮಾ ಇದು?" ಎಂದ ಮಗ.

"ಏನಿಲ್ಲಪ್ಪ. ಹುಷಾರಾಗಿರೋದೂ ತಪ್ಪಾ? ರಕ್ತದಲ್ಲಿ ಏನೋ ಸೇರ್ಕೊಂಡಿದೆ ಅಂತ ಡಾಕ್ಟರೇ ಹೇಳಿಲ್ವಾ?"

ಡಾಕ್ಟರು ಹೇಳಿದ್ದು ನಿಜ. ಸೊಸೆ ಏಳು ತಿಂಗಳ ಬಸುರಿ. ಆಸ್ಪತ್ರೆಯಲ್ಲಿ ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಹೆಪಟೈಟಿಸ್ ಬಿ ವೈರಸ್ ಇರುವುದು ಗೊತ್ತಾಗಿತ್ತು. ಅದು ಯಕೃತ್ತನ್ನು, ಅಂದರೆ ಲಿವರನ್ನು ಹಿಡಿಯುವ ವೈರಸ್. ಗಂಡನೂ ಬಂದು ರಕ್ತ ಕೊಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ನಿನ್ನ ತವರಿಂದ ಬಂದಿರ್ಬೇಕು. ನಮ್ಮನೇಲಿ ಇಂಥದ್ದೆಲ್ಲ ಇಲ್ಲ" ಎಂದು ಗಂಡ ಅನ್ನ ಕಲಸುತ್ತ ಹೇಳಿದ.

ಅವಳು ಅತ್ತೆಯ ಕಡೆ ತಿರುಗಿದಳು. "ನನ್ನ ತಟ್ಟೆ ಬೇರೆ ಇಟ್ರಿ, ಸರಿ. ಹೊಟ್ಟೇಲಿರೋದನ್ನ ಎಲ್ಲಿಡ್ತೀರಿ ಅತ್ತೆ?"

ಗಂಡ ಕೈ ತೊಳೆದುಕೊಂಡು ಅಂಗಡಿಗೆ ಹೊರಟುಬಿಟ್ಟ.

ಅವನದು ಕ್ಷೌರದಂಗಡಿ. ಸೈಕಲ್ ರಿಪೇರಿಯವನಿಗೂ ಇಸ್ತ್ರಿಯವನಿಗೂ ನಡುವೆ ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಗಿರಾಕಿಯ ಮುಖ ಕಾಣದಷ್ಟು ನೊರೆ ಬಳಿಯುತ್ತಾನೆಂದು ಬೀದಿಯವರು ಅವನನ್ನು ನೊರೆಯಣ್ಣ ಎನ್ನುತ್ತಿದ್ದರು. ಅವನಿಗೊಂದು ಹೆಮ್ಮೆಯಿತ್ತು. ಪ್ರತಿ ಗಿರಾಕಿಗೂ ಹೊಸ ಬ್ಲೇಡು. ಅದನ್ನು ಅವರ ಕಣ್ಣೆದುರೇ ಕಾಗದ ಬಿಚ್ಚಿ, ಟಕ್ಕನೆ ಮುರಿದು, ಹಿಡಿಗೆ ಸಿಕ್ಕಿಸುತ್ತಿದ್ದ. "ನೋಡ್ಕೊಳ್ಳಿ ಸ್ವಾಮಿ, ಇನ್ನೂ ಯಾರ ಗಡ್ಡವನ್ನೂ ಕಂಡಿಲ್ಲ" ಎನ್ನುತ್ತಿದ್ದ.

ಎರಡು ವಾರವಾದರೂ ಅವನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಆಸ್ಪತ್ರೆಯ ನರ್ಸೇ ಅಂಗಡಿಗೆ ಬಂದರು. ಬೀದಿಯ ಅರ್ಧ ಮಕ್ಕಳಿಗೆ ಲಸಿಕೆ ಹಾಕಿದ ಹೆಂಗಸು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಬಾಯಲ್ಲೂ ಅವರು ಸೂಜಿಯಕ್ಕ.

ಆಗ ಕುರ್ಚಿಯಲ್ಲಿ ಅದೇ ಬೀದಿಯ ಬಡಗಿ ಕೂತಿದ್ದ. "ಏನ್ ಸೂಜಿಯಕ್ಕ, ಗಡ್ಡ ಮಾಡಿಸ್ಕೊಳ್ಳೋಕೆ ಬಂದ್ರಾ?" ಎಂದು ನೊರೆಯೊಳಗಿಂದ ಕೇಳಿದ.

"ನಿಂದು ಮುಗೀಲಿ, ಆಮೇಲೆ ನನ್ನ ಪಾಳಿ" ಎಂದು ಅವರು ಬೆಂಚಿನ ಮೇಲೆ ಕೂತರು. ಬಡಗಿಯಿರುವಷ್ಟು ಹೊತ್ತೂ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಒಬ್ಬರ ರಕ್ತದ ವಿಷಯ ಇನ್ನೊಬ್ಬರ ಕಿವಿಗೆ ಹಾಕುವುದು ಅವರ ಕೆಲಸವಲ್ಲ. ಸುಮ್ಮನೆ ನೋಡುತ್ತ ಕೂತರು.

ದವಡೆಯ ಹತ್ತಿರ ಬ್ಲೇಡು ತುಸು ತಾಗಿ ಸಾಸಿವೆಯಷ್ಟು ರಕ್ತ ಚಿಮ್ಮಿತು. ನೊರೆಯಣ್ಣ ನೀರಿನ ಬಟ್ಟಲಲ್ಲಿದ್ದ ಪಟಿಕದ ಕಲ್ಲನ್ನು ತೆಗೆದು ಗಾಯದ ಮೇಲೆ ಉಜ್ಜಿದ. ಆಮೇಲೆ ಅದೇ ಕಲ್ಲನ್ನು ಎರಡೂ ಕೆನ್ನೆಗೆ, ಗದ್ದಕ್ಕೆ, ಕತ್ತಿಗೆ ಆಡಿಸಿದ. ರಕ್ತ ನಿಂತಿತು. ಕಲ್ಲು ಮತ್ತೆ ಬಟ್ಟಲಿಗೆ ಬಿತ್ತು. ಬಡಗಿ ಕೆನ್ನೆ ಸವರಿಕೊಳ್ಳುತ್ತ ಹೋದ.

"ಬ್ಲೇಡು ಹೊಸದು ಹಾಕಿದ್ದು ನೋಡ್ದೆ. ಆ ಕಲ್ಲು?" ಎಂದರು ಸೂಜಿಯಕ್ಕ.

"ಪಟಿಕ ಅಕ್ಕ. ಕ್ರಿಮಿ ಸಾಯಿಸುತ್ತೆ ಅಂತ ತಾನೇ ಹಾಕೋದು? ಅಪ್ಪನ ಕಾಲದಿಂದ್ಲೂ ಹೀಗೇ. ಸವೆದು ಸಾಬೂನಿನ ಚೂರಿನ ಹಾಗಾದ್ಮೇಲೆ ಹೊಸದು ತರ್ತೀನಿ."

"ಅಲ್ಲೀವರೆಗೂ ಬಂದವರಿಗೆಲ್ಲ ಅದೇ?"

"ಮತ್ತೆ? ತಲೆಗೊಂದು ಕಲ್ಲು ಇಡೋಕೆ ಇದೇನು ಕಲ್ಲಿನ ಕ್ವಾರಿನಾ?"

"ಪಟಿಕ ರಕ್ತ ನಿಲ್ಲಿಸುತ್ತೆ, ಅದು ಸರಿ. ಈ ವೈರಸ್ಸು ಅದಕ್ಕೆ ಬಗ್ಗುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಒಣಗಿದ ರಕ್ತದ ಕಲೇಲೂ ಇದು ಒಂದು ವಾರ ಜೀವ ಹಿಡ್ಕೊಂಡಿರುತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಆ ಕಲ್ಲಿನಿಂದ ಇನ್ನೊಬ್ಬನ ಕೆನ್ನೆಯ ಗೀರಿಗೆ ದಾಟ್ಕೊಳ್ಳುತ್ತೆ. ಎಲ್ಲಿ, ನಿನ್ನ ಬೆರಳು ತೋರ್ಸು."

ಅವನ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಹಳೆಯವು ಹೊಸವು ಸೇರಿ ಹತ್ತಾರು ಗೀರುಗಳಿದ್ದವು. ಬ್ಲೇಡು ಮುರಿಯುವ ಕೈಗೆ ಅವು ತಪ್ಪಿದ್ದಲ್ಲ. ಅವನು ಕೈ ಹಿಂದಕ್ಕೆಳೆದುಕೊಂಡ.

"ಕಾಮಾಲೆ ಬಂದಿದ್ರೆ ಕಣ್ಣು ಹಳದಿ ಆಗ್ಬೇಕಿತ್ತಲ್ಲ ಅಕ್ಕ? ನಾನು ಗುಂಡುಕಲ್ಲಿನ ಹಾಗಿದೀನಿ. ಅವಳೂ ಚೆನ್ನಾಗೇ ಇದಾಳೆ. ಇಷ್ಟು ಸಣ್ಣದು ಒಳಗೆ ಹೋಗಿ ಅದೇನು ಮಾಡಿಬಿಡುತ್ತೆ?"

ಸೂಜಿಯಕ್ಕ ಕನ್ನಡಿಯ ಕಡೆ ನೋಡಿದರು. "ಹುಡುಗರು ಫೋನಲ್ಲಿ ಫೋಟೋ ತೋರಿಸಿ, ಹೀಗೇ ಕಟ್ ಮಾಡು ಅಂತಾರಲ್ಲ?"

"ಅಯ್ಯೋ, ಅದನ್ನ ಕೇಳ್ಬೇಡಿ. ಒಬ್ಬ ಮಾಡಿಸ್ಕೊಂಡು ಹೋದ್ರೆ ಬೀದಿಗೆ ಬೀದಿಯೇ ಅದೇ ತಲೆ."

"ವೈರಸ್ಸು ಅಂದ್ರೆ ಆ ಫೋಟೋ ಇದ್ದ ಹಾಗೆ. ಅದಕ್ಕೆ ಕೈಯಿಲ್ಲ, ಕತ್ತರಿಯಿಲ್ಲ, ಅಂಗಡಿಯಿಲ್ಲ. ತಾನಾಗಿ ತಿನ್ನಲ್ಲ, ಬೆಳೆಯಲ್ಲ, ಮರಿ ಹಾಕಲ್ಲ. ಅದರೊಳಗಿರೋದು ನನ್ನಂಥದ್ದನ್ನೇ ಮಾಡು ಅನ್ನೋ ಅಪ್ಪಣೆ ಮಾತ್ರ. ಹೊರಗೆ ಒಂದು ಕವಚ. ನಮ್ಮ ಲಿವರಿನ ಒಂದೊಂದು ಜೀವಕೋಶವೂ ಒಂದೊಂದು ಅಂಗಡಿ ಅಂದ್ಕೋ. ಇದು ಒಳಗೆ ನುಗ್ಗಿ ಅಪ್ಪಣೆ ತೋರಿಸುತ್ತೆ. ಕತ್ತರಿ ನಿಂದೇ, ಕರೆಂಟು ನಿಂದೇ, ದುಡಿಮೆ ನಿಂದೇ. ಆಗಲ್ಲ ಅನ್ನೋಕೆ ನಿನಗೆ ಬಾಯಿಲ್ಲ."

"ಕೂಲಿ?"

"ಕೂಲಿ ಬೇರೆ ಕೇಡು! ಒಂದರಿಂದ ನೂರಾರು ತಯಾರಾಗಿ ಹೊರಗೆ ಹೋಗ್ತವೆ. ಪ್ರತಿಯೊಂದರ ಜೇಬಲ್ಲೂ ಅದೇ ಫೋಟೋ. ಅವು ಪಕ್ಕದಂಗಡಿಗಳಿಗೆ ನುಗ್ತವೆ. ಎಲ್ಲ ವೈರಸ್ಸಿನ ದಾರಿಯೂ ಹೆಚ್ಚುಕಮ್ಮಿ ಇದೇ. ಕೆಲವು ಜೀವಕೋಶವನ್ನ ಒಡೆದುಕೊಂಡೇ ಹೊರಗೆ ಬರ್ತವೆ. ಇದು ಹಾಗಲ್ಲ, ಅಂಗಡಿ ಒಡೆಯಲ್ಲ. ಅಪ್ಪಣೇನ ಒಳಗಿನ ಗೋಡೆಗೆ ಅಂಟಿಸಿ, ವರ್ಷಗಟ್ಟಲೆ ಕೆಲಸ ಮಾಡಿಸ್ಕೊಳ್ಳುತ್ತೆ. ಒಡೆಯೋದು ನಮ್ಮ ಮೈಯ ಕಾವಲಿನವರೇ. ಕಳ್ಳ ಹೊಕ್ಕ ಅಂಗಡಿ ಅಂತ ಕಂಡಿದ್ದನ್ನೆಲ್ಲ ಕೆಡವ್ತಾರೆ. ಕೆಡವೋದು, ತೇಪೆ ಹಾಕೋದು, ಮತ್ತೆ ಕೆಡವೋದು. ಇಪ್ಪತ್ತು ಮೂವತ್ತು ವರ್ಷ ಹೀಗೇ ನಡೆದ್ರೆ ಲಿವರ್ ಗಟ್ಟಿಯಾಗಿ ಕೆಲಸ ಬಿಡ್ಬಹುದು. ಕ್ಯಾನ್ಸರೂ ಬರ್ಬಹುದು. ಅಲ್ಲೀವರೆಗೂ ಗುಂಡುಕಲ್ಲೇ."

ನೊರೆಯಣ್ಣ ಕುರ್ಚಿಯ ಕೈ ಒರೆಸುತ್ತಿದ್ದ; ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. "ಹಾಗಿದ್ರೆ ಮೆಡಿಕಲ್ ಶಾಪಲ್ಲಿ ಒಂದು ಆಂಟಿಬಯಾಟಿಕ್ ಕೋರ್ಸು ತಗೊಂಡ್ರೆ?"

"ಅದು ಬ್ಯಾಕ್ಟೀರಿಯಾಕ್ಕೆ. ಅವು ತಮ್ಮ ಸಾಮಾನು ತಾವೇ ತರ್ತವೆ, ಆ ಔಷಧಿ ಆ ಸಾಮಾನನ್ನ ಮುರಿಯುತ್ತೆ. ವೈರಸ್ಸು ದುಡಿಸೋದು ನಮ್ಮ ಸಾಮಾನನ್ನ. ಇದಕ್ಕೆ ಬೇರೆ ಮಾತ್ರೆ ಇದೆ, ನಕಲು ತೆಗೆಯೋದನ್ನ ತಡೆಯುತ್ತೆ. ಗೋಡೆಗೆ ಅಂಟಿದ್ದನ್ನ ಪೂರ್ತಿ ಕೀಳೋಕೆ ಸಾಮಾನ್ಯವಾಗಿ ಆಗಲ್ಲ. ಅದಕ್ಕೇ ಡಾಕ್ಟರು ಹೇಳದೆ ಮಾತ್ರೆ ಬಿಡಬಾರ್ದು."

"ಮಗು?" ಆ ಮಾತು ಅವನ ಬಾಯಿಂದ ಮೊದಲ ಸಲ ಬಂತು.

"ಬೆಳೆದವರಲ್ಲಿ ಹೆಚ್ಚಿನವರ ಮೈ ಇದನ್ನ ತಾನೇ ಓಡಿಸುತ್ತೆ. ಹಸುಗೂಸಿನ ಮೈಗೆ ಇದು ಕಳ್ಳ ಅಂತಲೇ ಗೊತ್ತಾಗಲ್ಲ. ಹುಟ್ಟುವಾಗ ತಗುಲಿದ್ರೆ, ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ ಜೀವಮಾನಕ್ಕೂ ಉಳಿದುಬಿಡುತ್ತೆ. ತಡೆಯೋಕೆ ದಾರಿ ಇದೆ, ನಾನು ಬಂದಿರೋದು ಅದನ್ನ ಹೇಳೋಕೇ. ಮೊದಲು ನೀನು ಶಟರ್ ಎಳಿ."

ಅವನು ಅವತ್ತೇ ರಕ್ತ ಕೊಟ್ಟ. ಫಲಿತಾಂಶ ಬಂದಾಗ ಡಾಕ್ಟರು ಕೂರಿಸಿ ಹೇಳಿದರು: ಅವನ ರಕ್ತದಲ್ಲೂ ಅದೇ ವೈರಸ್ ಇತ್ತು.

"ನನ್ನಿಂದ ಅವಳಿಗೆ ಬಂತಾ ಸರ್?"

"ಈ ಪರೀಕ್ಷೆ ಅದನ್ನ ಹೇಳಲ್ಲ. ಗಂಡ ಹೆಂಡತಿ ನಡುವೆ ದೈಹಿಕ ಸಂಪರ್ಕದಿಂದಲೂ ಇದು ದಾಟುತ್ತೆ. ಯಾರಿಂದ ಯಾರಿಗೆ ಅನ್ನೋದು ಗೊತ್ತಾದ್ರೂ ಔಷಧಿ ಬದಲಾಗಲ್ಲ" ಎಂದರು ಡಾಕ್ಟರು. ಹೆಂಡತಿಯ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚಿದ್ದರಿಂದ ಹೆರಿಗೆಗೆ ಮೊದಲೇ ಅದನ್ನು ತಗ್ಗಿಸಲು ಅವಳಿಗೆ ಮಾತ್ರೆ ಶುರು ಮಾಡಿದರು.

ಅವನು ಮನೆಗೆ ಬಂದವನೇ ಹೆಂಡತಿಯ ಎದುರು ನಿಂತ. "ನಿನ್ನ ತವರಿನ ಮಾತು ಎತ್ತಿದ್ದು ತಪ್ಪಾಯ್ತು. ನನ್ನಲ್ಲೂ ಇದೆ."

"ಹಾಗಾದ್ರೆ ನಿಮ್ಮ ತಟ್ಟೆನೂ ಹಿಂದಿನ ಬಾಗಿಲಿಗೆ" ಎಂದಳು ಅವಳು. ನಗಲಿಲ್ಲ, ಅಳಲೂ ಇಲ್ಲ.

ಅವನ ತಾಯಿ ಒಲೆಯ ಉರಿ ತಗ್ಗಿಸಿ ಇತ್ತ ತಿರುಗಿದಳು. ಸೊಸೆಯ ರೋಗವೆಂದು ದೂರ ಇಟ್ಟದ್ದು ಮಗನ ರೋಗವೂ ಆಗಿತ್ತು. ಆದರೂ ಮರುದಿನ ಮನೆಗೆ ಬಂದ ಸೂಜಿಯಕ್ಕನ ಮುಂದೆ ಅವಳ ಹಟ ಬೇರೆ ಕಡೆ ತಿರುಗಿತು.

"ಹುಟ್ಟಿದ ದಿನವೇ ಸೂಜಿ ಅಂತೆ! ಕಣ್ಣು ಬಿಡದ ಕೂಸಿಗೆ! ನಾನು ಒಪ್ಪಲ್ಲ. ಆ ವೈರಸ್ಸನ್ನೇ ಒಳಗೆ ಹಾಕ್ತಾರಂತೆ, ಪಕ್ಕದ ಮನೆಯವಳು ಹೇಳಿದ್ಲು."

"ಇಲ್ಲಮ್ಮ. ಈ ಲಸಿಕೇಲಿರೋದು ವೈರಸ್ಸಿನ ಹೊರಗಿನ ಕವಚದ ಚೂರು ಮಾತ್ರ. ನಿಮ್ಮ ಮಗನ ಲೆಕ್ಕದಲ್ಲಿ ಹೇಳ್ಬೇಕಂದ್ರೆ, ಫೋಟೋ ಇಲ್ಲದ ಖಾಲಿ ಅಂಗಿ. ಈ ಅಂಗಿ ತೊಟ್ಟು ಬಂದವನನ್ನ ಬಾಗಿಲಲ್ಲೇ ಹಿಡೀರಿ ಅಂತ ಕಾವಲಿನವರಿಗೆ ತೋರಿಸಿಡೋದು, ಅಷ್ಟೇ. ಅಪ್ಪಣೆ ಒಳಗಿಲ್ಲ, ನಕಲು ಆಗಲ್ಲ, ರೋಗ ಬರಲ್ಲ. ಹೆರಿಗೆ ಹೊತ್ತಲ್ಲಿ ತಾಯಿಯ ರಕ್ತ ಕೂಸಿಗೆ ತಾಗುತ್ತೆ. ಅದಕ್ಕೇ ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಇಂಥ ಕೂಸಿಗೆ ಇನ್ನೊಂದು ತೊಡೆಗೆ ಇನ್ನೊಂದು ಸೂಜಿ. ಅದರಲ್ಲಿ ಬೇರೆಯವರ ಮೈಯಲ್ಲಿ ತಯಾರಾದ ಕಾವಲು ಇರುತ್ತೆ. ತನ್ನದು ತಯಾರಾಗೋವರೆಗೂ ಅದು ಕಾಯುತ್ತೆ."

"ಎರಡೆರಡು ಸೂಜಿ!"

"ಎರಡೇ. ಆಮೇಲೆ ಉಳಿದ ಡೋಸುಗಳು ಹೇಳಿದ ಹೊತ್ತಿಗೆ. ಎದೆಹಾಲು ಧಾರಾಳವಾಗಿ ಕುಡಿಸ್ಬಹುದು. ಇನ್ನೊಂದು ಮಾತಮ್ಮ. ತಟ್ಟೆ, ಲೋಟ, ಒಟ್ಟಿಗೆ ಊಟ, ಕೆಮ್ಮು, ಮುಟ್ಟೋದು, ತಬ್ಬೋದು, ಯಾವುದರಿಂದಲೂ ಇದು ಹರಡಲ್ಲ. ಬೇರೆ ಇಡ್ಬೇಕಾದ್ದು ಬ್ಲೇಡು, ಹಲ್ಲುಜ್ಜೋ ಬ್ರಶ್ಶು, ನೇಲ್ ಕಟರು." ಆಮೇಲೆ ದನಿ ತಗ್ಗಿಸಿ ಕೇಳಿದರು. "ನಿಮ್ಮನೆಯವರಿಗೆ ಏನಾಗಿತ್ತು?"

ತಾಯಿ ಗೋಡೆಗೊರಗಿ ಕೂತಳು. "ಹೊಟ್ಟೆ ಊದ್ಕೊಂಡಿತ್ತು. ಕಣ್ಣು ಹಳದಿ. ಕುಡಿದು ಕುಡಿದು ಸತ್ತ ಅಂದ್ರು ಬೀದಿಯವರು. ಹನಿ ಮುಟ್ಟಿದವರಲ್ಲ ಅವರು. ನಾನು ಹೇಳಿದ್ರೆ ಯಾರು ನಂಬ್ತಾರೆ?"

"ಅವರೂ ಇದೇ ಅಂಗಡಿ, ಇದೇ ಕೆಲಸ ಮಾಡಿದವರು. ಇದೇ ಕಾಯಿಲೆ ಇತ್ತು ಅಂತ ನಾನು ಹೇಳೋ ಹಾಗಿಲ್ಲ, ಪರೀಕ್ಷೆ ಮಾಡಿಲ್ವಲ್ಲ. ಆದ್ರೆ ಕುಡಿಯದೇ ಇದ್ದವರ ಲಿವರೂ ಹೀಗೆ ಹೋಗುತ್ತೆ ಅನ್ನೋದು ನಿಜ."

ಮುದುಕಿ ಎದ್ದು ಒಳಗೆ ಹೋದಳು. ಅವತ್ತು ರಾತ್ರಿ ನಾಲ್ಕೂ ತಟ್ಟೆಗಳು ಒಂದೇ ಕಡೆ ತೊಳೆಯಲ್ಪಟ್ಟವು. ನಾಲ್ಕನೆಯದು ಊಟಕ್ಕೆ ನಿಂತ ಸೂಜಿಯಕ್ಕನದು. ಮಾರನೆಯ ದಿನ ಮುದುಕಿಯೂ ರಕ್ತ ಕೊಟ್ಟಳು. ಅವಳಲ್ಲಿ ವೈರಸ್ ಇರಲಿಲ್ಲ. ಯಾವಾಗಲೋ ಬಂದು, ಮೈ ಅದನ್ನು ಗೆದ್ದ ಗುರುತು ಮಾತ್ರ ಇತ್ತು.

ಅಂಗಡಿಯಲ್ಲಿ ಪಟಿಕದ ಬಟ್ಟಲು ಮಾಯವಾಯಿತು. ಬ್ಲೇಡಿನ ಹಿಡಿಯನ್ನು ಪ್ರತಿ ಸಲ ಸೋಪಿನಲ್ಲಿ ತೊಳೆದು, ಆಯಾ ದಿನ ಕಲಸಿದ ಬ್ಲೀಚಿಂಗ್ ನೀರಲ್ಲಿ ನೆನೆಸಿಡುವುದನ್ನು ಸೂಜಿಯಕ್ಕ ತೋರಿಸಿಕೊಟ್ಟರು. ನೊರೆಯಣ್ಣ ಕೈಗವಸು ತೊಟ್ಟ.

"ಏನಯ್ಯಾ, ಆಪರೇಷನ್ನಾ?" ಎಂದು ಬಡಗಿ ಗೊಣಗಿದ. "ಪಟಿಕ ಉಜ್ಜದಿದ್ರೆ ಗಡ್ಡ ಮಾಡಿಸ್ಕೊಂಡ ಹಾಗೇ ಇರಲ್ಲ."

"ಶುದ್ಧ ಹತ್ತಿ ಒತ್ತಿ ಹಿಡ್ಕೊಳ್ಳಿ, ನಿಲ್ಲುತ್ತೆ. ಪಟಿಕವೇ ಬೇಕಂದ್ರೆ ಮನೆಯಿಂದ ನಿಮ್ಮದೇ ತನ್ನಿ, ವಾಪಸ್ ತಗೊಂಡು ಹೋಗಿ. ಹಾಗೇ ಒಂದ್ಸಲ ರಕ್ತ ಕೊಟ್ಟು ಬನ್ನಿ. ಆ ಕಲ್ಲು ನಿಮ್ಮ ಕೆನ್ನೆ ಮೇಲೂ ಓಡಾಡಿದೆ." ಎಲ್ಲರಿಗೂ ಹೀಗೇ ಹೇಳಿದ್ದಕ್ಕೆ ಕೆಲವು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಬಡಗಿ ಗೊಣಗುತ್ತಲೇ ಆಸ್ಪತ್ರೆಗೆ ಹೋಗಿ ಬಂದ. ವೈರಸ್ ಇಲ್ಲವೆಂದು ತಿಳಿದು ಲಸಿಕೆಯ ಮೊದಲ ಡೋಸೂ ಹಾಕಿಸಿಕೊಂಡ.

ಹೆರಿಗೆಯಾದದ್ದು ಒಂದು ಬೆಳಗ್ಗೆ. ಹೆಣ್ಣು ಮಗು. ಮುದುಕಿ ಮೊಮ್ಮಗಳ ಮುಖ ನೋಡಿದವಳೇ ವಾರ್ಡಿನ ನರ್ಸಿನ ಬೆನ್ನು ಹತ್ತಿದಳು. "ಸೂಜಿ ಎಲ್ಲಮ್ಮ? ಇನ್ನೂ ಯಾಕೆ ಹಾಕಿಲ್ಲ?"

"ಅಜ್ಜಿ, ಕೂಸನ್ನ ಈಗ ತಾನೇ ಒರೆಸಿದೀವಿ..."

"ಒರೆಸಿದ್ದು ಸಾಕು. ಎರಡು ಸೂಜಿ. ಒಂದೊಂದು ತೊಡೆಗೆ ಒಂದೊಂದು. ನನಗೆಲ್ಲ ಗೊತ್ತು."

ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎರಡೂ ಬಿದ್ದವು. ಕೂಸು ವಾರ್ಡು ಕಿತ್ತುಹೋಗುವಂತೆ ಅತ್ತಿತು. ಆಮೇಲಿನ ಡೋಸುಗಳಲ್ಲಿ ಒಂದೂ ತಪ್ಪಲಿಲ್ಲ. ಮಗು ಗೋಡೆ ಹಿಡಿದು ನಿಲ್ಲುವ ವಯಸ್ಸಿಗೆ ಅದರ ರಕ್ತ ಪರೀಕ್ಷೆಯಾಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು. "ವೈರಸ್ ಇಲ್ಲ. ಕಾವಲು ತಯಾರಾಗಿದೆ."

ತಂದೆತಾಯಿಯ ಮೈಯಿಂದ ವೈರಸ್ ಹೋಗಿಲ್ಲ. ಇಬ್ಬರೂ ಹೇಳಿದ ದಿನ ಲಿವರಿನ ತಪಾಸಣೆಗೆ ಹೋಗುತ್ತಾರೆ, ಬರೆದುಕೊಟ್ಟ ಮಾತ್ರೆ ನುಂಗುತ್ತಾರೆ, ದುಡಿಯುತ್ತಾರೆ, ಜಗಳವಾಡುತ್ತಾರೆ. ಆದರೆ ಅವರಿಂದ ಮುಂದಕ್ಕೆ ಆ ವೈರಸ್ಸಿಗೆ ದಾರಿ ಸಿಗಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ಈಗ ನಿಮ್ಮ ಮಾತು. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಅವಳಿಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ಕೇಳಿ. ಮಗು ಹುಟ್ಟಿದ ದಿನವೇ ಮೊದಲ ಲಸಿಕೆ ಹಾಕಿಸಿ, ಉಳಿದವನ್ನು ತಪ್ಪಿಸಬೇಡಿ. ಕ್ಷೌರಕ್ಕೆ ಕೂತಾಗ ಬ್ಲೇಡಿನ ಜೊತೆಗೆ ಮುಖಕ್ಕೆ ತಾಗುವ ಪ್ರತಿಯೊಂದನ್ನೂ ವಿಚಾರಿಸಿ. ಕೇಳಲು ನಾಚಿಕೆ ಬೇಡ. ಚುಚ್ಚುಮದ್ದಿಗೂ ಹಚ್ಚೆಗೂ ಹೊಸ ಸೂಜಿಯೇ ಆಗಬೇಕು. ದೈಹಿಕ ಸಂಪರ್ಕದಲ್ಲಿ ಕಾಂಡೋಮ್ ಬಳಸಿ. ದೊಡ್ಡವರಿಗೂ ಈ ಲಸಿಕೆಯಿದೆ. ಮನೆಯಲ್ಲಿ ಯಾರಿಗಾದರೂ ವೈರಸ್ ಇದ್ದರೆ ಅವರನ್ನು ದೂರ ಇಡಬೇಡಿ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ.

ಕಣ್ಣು ಹಳದಿಯಾಗಲಿ ಎಂದು ಮಾತ್ರ ಕಾಯಬೇಡಿ. ಈ ವೈರಸ್ ಹೊತ್ತು ತಿರುಗುವ ಬಹಳ ಜನರ ಕಣ್ಣು ವರ್ಷಗಟ್ಟಲೆ ಬೆಳ್ಳಗೇ ಇರುತ್ತದೆ.